ಸೀನಪ್ಪನವರ ಬರಿಗಾಲು ಮತ್ತು ಅಲ್ ಖೋರ್ ಜೂನಿಯರ್ಸ್

ಕತಾರಿನ ಅಲ್ ಖೋರ್‌ನಲ್ಲಿ ಸೀನಪ್ಪನವರು ಪ್ರತಿದಿನ ಬೆಳಿಗ್ಗೆ ಮಂಜುಗಡ್ಡೆಯ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದರು. ಇಷ್ಟು ಸಂಗತಿ, ಉಳಿದದ್ದು ಪುರಾಣ. ಗ್ಯಾಸ್ ಕಂಪನಿಯ ಬಸ್ಸು ಅಲ್ ಖೋರ್ ಬಿಟ್ಟು ರಾಸ್ ಲಫ್ಫಾನ್ ಮುಟ್ಟುವಷ್ಟರಲ್ಲಿ ಒಂದು ಪುರಾಣ ಹುಟ್ಟಿ ಬೆಳೆಯುವುದಕ್ಕೆ ಬೇಕಾದಷ್ಟು ಸಮಯವಿತ್ತು.

ಬಸ್ಸಿನವರು ಕಂಡದ್ದು ಇಷ್ಟೇ. ಮಂಜುಗಡ್ಡೆ ಹಾಸಿದ ಆಟದ ಹಾಲ್‌ನ ಬಾಗಿಲು ಅರ್ಧ ತೆರೆದಿರುತ್ತದೆ. ಹೊರಗೆ ಆಗಲೇ ಮೂವತ್ತೈದು ಡಿಗ್ರಿ. ಒಳಗೆ ಸೀನಪ್ಪನವರು ನೀಲಿ ಪಟ್ಟಿಯ ಹವಾಯಿ ಚಪ್ಪಲಿಯನ್ನು ಅಂಚಿನಲ್ಲಿ ಜೋಡಿಸಿಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ತಲೆ ತಗ್ಗಿಸಿ ಮಂಜಿನ ಮೇಲೆ ಒಂದು ಸುತ್ತು ಬರುತ್ತಾರೆ. ಬೆಂಗಳೂರಿನ ಇಂಜಿನಿಯರುಗಳು ಇದನ್ನು ನೋಡಿ, ಈ ಮನುಷ್ಯ ಪ್ರಾಯದಲ್ಲಿ ಕೆಲವು ವರ್ಷ ಹಿಮಾಲಯದಲ್ಲಿ ಇದ್ದಿರಬೇಕು ಎಂದು ತೀರ್ಮಾನಿಸಿದರು. ಕ್ಲಿನಿಕ್ಕಿನ ಮಲಯಾಳಿ ನರ್ಸುಗಳು ಅವರ ಅಂಗಾಲಿನಲ್ಲಿ ರಕ್ತವೇ ಹರಿಯುವುದಿಲ್ಲ ಎಂದರು. ಬಸ್ ಓಡಿಸುತ್ತಿದ್ದ ಮಂಗಳೂರಿನ ಫಿಡೆಲಿಸ್, ಆ ಪಾದದಿಂದ ಹಬೆ ಏಳುವುದನ್ನು ಕಣ್ಣಾರೆ ಕಂಡಿದ್ದೇನೆಂದು ಆಣೆ ಹಾಕಿದರು. ಕೊನೆಗೆ ಕಂಪನಿಯ ಕಾಲೊನಿಯ ಕ್ರೀಡಾ ವಿಭಾಗದ ಸೂಪರಿಂಟೆಂಡೆಂಟ್, ಮೈಸೂರಿನ ನಾರಾಯಣಸ್ವಾಮಿಯವರು ಕಾಲೊನಿಯ ಮಾಸಿಕ ಪತ್ರಿಕೆಯಲ್ಲಿ ಇದಕ್ಕೆ ಅಧಿಕೃತ ವ್ಯಾಖ್ಯಾನ ಬರೆದರು: ಕರಾವಳಿಯಲ್ಲಿ ದುಡಿಯುವ ಜಾಗವನ್ನು ಗುಡಿಯೆಂದೇ ಕಾಣುವ ಸಂಪ್ರದಾಯವಿದೆ, ಸೀನಪ್ಪನವರದು ನಿತ್ಯದ ಪ್ರದಕ್ಷಿಣೆ.

ಸೀನಪ್ಪನವರನ್ನು ಮಾತ್ರ ಯಾರೂ ಕೇಳಲಿಲ್ಲ. ಅಷ್ಟು ಎತ್ತರಕ್ಕೆ ಏರಿದವರನ್ನು ಕೇಳುವುದು ಮರ್ಯಾದೆಯಲ್ಲ ಎಂಬ ಭಾವನೆ ಎಲ್ಲರಲ್ಲೂ ಇತ್ತು.

ಅವರು ಹುಟ್ಟಿದ್ದು ಮಲ್ಪೆಯಲ್ಲಿ. ಹದಿನೇಳನೆಯ ವಯಸ್ಸಿಗೆ ಬಂದರಿನ ಐಸ್ ಫ್ಯಾಕ್ಟರಿ ಸೇರಿ, ಇಪ್ಪತ್ತೆರಡು ವರ್ಷ ಬೋಟುಗಳಿಗೆ ಐಸ್ ಮಾಡಿಕೊಟ್ಟರು. ೧೯೯೨ರಲ್ಲಿ ಹೆಂಡತಿ ಪೂವಕ್ಕನನ್ನೂ ಇಬ್ಬರು ಮಕ್ಕಳನ್ನೂ ಊರಲ್ಲಿ ಬಿಟ್ಟು, ಅಲ್ ಖೋರ್‌ನಲ್ಲಿ ಗ್ಯಾಸ್ ಕಂಪನಿಯ ಕೂಲಿಕಾರರ ಕ್ಯಾಂಪಿಗೆ ತರಕಾರಿ ಮಾಂಸ ಇಡುವ ಕೋಲ್ಡ್ ಸ್ಟೋರೇಜಿನ ಆಪರೇಟರ್ ಆಗಿ ಬಂದರು. ಎರಡು ವರ್ಷಕ್ಕೆ ಕ್ಯಾಂಪು ಬೇರೆ ಕಡೆ ಹೋಯಿತು. ಕೋಲ್ಡ್ ಸ್ಟೋರೇಜ್ ಖಾಲಿಯಾಯಿತು. ದಪ್ಪ ಗೋಡೆಯ ಆ ಖಾಲಿ ಕಟ್ಟಡವನ್ನು ನೋಡಿದ ಇಬ್ಬರು ಕೆನಡಾದ ಇಂಜಿನಿಯರುಗಳಿಗೆ ಊರಿನ ನೆನಪು ತಡೆಯಲಾರದಷ್ಟು ಬಂತು. ನೆಲದಲ್ಲಿ ಪೈಪು ಹಾಸಿದರು, ಮೇಲೆ ನೀರು ಸುರಿದರು, ಹಳೆಯ ಕಂಪ್ರೆಸರ್‌ಗೆ ಜೋಡಿಸಿದರು. ಬದನೆಕಾಯಿ ಕಾಯುತ್ತಿದ್ದ ಸೀನಪ್ಪನವರು ಒಂದು ವಾರದಲ್ಲಿ ಐಸ್ ಹಾಕಿ ಮೈದಾನದ ಪಾಲಕರಾದರು.

ಹೀಗೆ ಮರುಭೂಮಿಯ ಅಂಚಿನಲ್ಲಿ, ಮೀನುಗಾರರ ಒಂದು ಸಣ್ಣ ಊರಿನಲ್ಲಿ, ಅಲ್ ಖೋರ್ ಜೂನಿಯರ್ಸ್ ಎಂಬ ಐಸ್ ಹಾಕಿ ತಂಡ ಉದಯಿಸಿತು. ಹಾಲ್ ಚಿಕ್ಕದಾದ್ದರಿಂದ ಒಂದು ಪಕ್ಷಕ್ಕೆ ಗೋಲು ಕಾಯುವ ಗೋಲಿಯೂ ಸೇರಿ ಐದೇ ಮಂದಿ. ಮಕ್ಕಳೆಲ್ಲ ಕಾಲೊನಿಯವರು, ಕ್ರಿಕೆಟ್ ಬಿಟ್ಟು ಬೇರೆ ಆಟ ಕಂಡವರಲ್ಲ. ಫಿಡೆಲಿಸ್ ಅವರ ಮಗಳು ಐವಿ ಹಾಕಿ ಕೋಲನ್ನು ಬ್ಯಾಟಿನ ಹಾಗೆ ಹಿಡಿದು, ಪಕ್ ಎಂಬ ಆ ಕಪ್ಪು ರಬ್ಬರ್ ಬಿಲ್ಲೆಗೆ ನೇರ ಡ್ರೈವ್ ಹೊಡೆಯುತ್ತಿದ್ದಳು. ನಾರಾಯಣಸ್ವಾಮಿಯವರ ಹನ್ನೆರಡು ವರ್ಷದ ಮಗಳು ಇಂಚರಾ ಗೋಲಿನಲ್ಲಿ ನಿಂತಳು, ಏಕೆಂದರೆ ಬೇರೆ ಯಾರೂ ನಿಲ್ಲಲು ಒಪ್ಪಲಿಲ್ಲ. ೧೯೯೬ರಲ್ಲಿ ಕೆನಡಾದವರು ದೇಶಕ್ಕೆ ಮರಳುವಾಗ ಸೀಟಿಯನ್ನು ನಾರಾಯಣಸ್ವಾಮಿಯವರ ಕೈಗಿತ್ತರು. ಅವರು ಮಂಜಿನ ಮೇಲೆ ಒಮ್ಮೆಯೂ ಕಾಲಿಟ್ಟವರಲ್ಲ. ನಿಯಮಗಳ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಮಾಡಿ, ಸ್ವೆಟರ್, ಮಫ್ಲರ್ ತೊಟ್ಟು ಅಂಚಿನಲ್ಲಿ ನಿಂತೇ ತರಬೇತಿ ಕೊಟ್ಟರು.

ಎದುರಾಳಿಗಳೆಂದರೆ ದೋಹಾದಿಂದ ಬರುತ್ತಿದ್ದ ಮಂಜಿನ ದೇಶಗಳ ಮಕ್ಕಳು. ನಡೆಯುವುದಕ್ಕೆ ಮೊದಲೇ ಸ್ಕೇಟ್ ಮಾಡಲು ಕಲಿತವರು. ಮೂರು ವರ್ಷಗಳಲ್ಲಿ ಅಲ್ ಖೋರ್ ಜೂನಿಯರ್ಸ್ ಹನ್ನೊಂದು ಪಂದ್ಯ ಆಡಿತು. ಹನ್ನೊಂದರಲ್ಲೂ ಸೋತಿತು. ಇಷ್ಟು ಏಕನಿಷ್ಠೆ ದೊಡ್ಡ ತಂಡಗಳಲ್ಲೂ ಅಪರೂಪ.

ಪ್ರತಿ ಸೋಲಿನ ನಂತರ ಮಕ್ಕಳು ಮೂಲೆಯಲ್ಲಿ ಕೂತು ಸ್ಕೇಟ್ ಬಿಚ್ಚುವಾಗ ಸೀನಪ್ಪನವರು ಬಿಸಿನೀರಿನ ಬಕೆಟ್ಟೂ ಒದ್ದೆ ಗೋಣಿಯೂ ಹಿಡಿದು ಬರುತ್ತಿದ್ದರು. ಗೀರುಗಳ ಮೇಲೆ ನೀರು ಹರಿಸಿ ಗೋಣಿ ಎಳೆದರೆ ಮಂಜು ಮತ್ತೆ ಕನ್ನಡಿಯಾಗುತ್ತಿತ್ತು. ಆ ಸಂಜೆ ಯಾರು ಎಲ್ಲಿ ಬಿದ್ದರು ಎಂಬುದರ ಗುರುತೂ ಉಳಿಯುತ್ತಿರಲಿಲ್ಲ. ಮಷಿನ್ ರೂಮಿನ ಗೋಡೆಯಲ್ಲಿ ಮಾತ್ರ ಅವರು ಸೀಮೆಸುಣ್ಣದಿಂದ ಒಂದು ದಾಖಲೆ ಇಟ್ಟಿದ್ದರು. ಇಂಚರಾ ಬಿಟ್ಟ ಗೋಲುಗಳನ್ನು ಊರೆಲ್ಲ ಎಣಿಸುತ್ತಿತ್ತು. ಸೀನಪ್ಪನವರು ಅವಳು ತಡೆದದ್ದನ್ನು ಗೀಟು ಹಾಕಿದ್ದರು. ಇನ್ನೂರ ಹದಿಮೂರು ಗೀಟುಗಳು. ಒಂಬತ್ತು ಗೋಲು ತಿಂದು ಅಳುತ್ತಿದ್ದ ಒಂದು ದಿನ ಅವಳನ್ನು ಕರೆದು ಆ ಗೋಡೆ ತೋರಿಸಿದ್ದರು. ಅಂದಿನಿಂದ ಅವಳು ಮನೆಗೆ ಹೋಗುವ ಮೊದಲು ಗೋಡೆ ನೋಡದೆ ಹೋದವಳಲ್ಲ.

೧೯೯೭ರ ಸೆಪ್ಟೆಂಬರಿನಲ್ಲಿ ಒಂದು ಪತ್ರ ಬಂತು. ಆಟದ ಹಾಲ್ ಅನ್ನು ಪೈಪು ಇಡುವ ಗೋದಾಮು ಮಾಡಬೇಕೆಂಬ ಸೂಚನೆಯಿದೆ; ವಸತಿ ವಿಭಾಗದ ಮುಖ್ಯಸ್ಥ ಝಕರಿಯಾ ಸಾಹೇಬರು ಅಕ್ಟೋಬರ್ ಹತ್ತರ ಶುಕ್ರವಾರ ಸಂಜೆ ಐದಕ್ಕೆ ಬಂದು ನೋಡುತ್ತಾರೆ; ಪೂರ್ತಿ ಪಂದ್ಯವೊಂದು ಸರಿಯಾಗಿ ನಡೆದರೆ ಇನ್ನೊಂದು ವರ್ಷ ಮುಂದುವರಿಸಬಹುದು, ಇಲ್ಲದಿದ್ದರೆ ಮುಚ್ಚುವುದು. ನಾರಾಯಣಸ್ವಾಮಿಯವರು ಅದನ್ನು ಮಕ್ಕಳೆದುರು ಓದಿದರು. ಗೆಲ್ಲಬೇಕಂತ ಬರೆದಿಲ್ಲವಲ್ಲ ಎಂದು ಐವಿ ಸಮಾಧಾನಪಟ್ಟಳು. ಇಂಚರಾ ಮಷಿನ್ ರೂಮಿಗೆ ಹೋಗಿ ಗೋಡೆಯ ಮುಂದೆ ನಿಂತಳು. ಗೋದಾಮು ಆದರೆ ಗೋಡೆಗೆ ಬಣ್ಣ ಹೊಡೆಯುತ್ತಾರಾ ಎಂದು ಸೀನಪ್ಪನವರನ್ನು ಕೇಳಿದಳು. ಅವರು ಬಕೆಟ್ಟು ಎತ್ತಿಕೊಂಡು ಮಂಜಿನ ಕಡೆ ಹೋದರು.

ಆ ಶುಕ್ರವಾರ ಆಯುಧಪೂಜೆ.

ಮಲ್ಪೆಯ ಐಸ್ ಫ್ಯಾಕ್ಟರಿಯಲ್ಲಿ ಆ ದಿನ ಮಷಿನ್ ನಿಲ್ಲಿಸುತ್ತಿದ್ದರು. ಒರೆಸಿ, ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಅರ್ಧ ಗಂಟೆ ಬಿಟ್ಟು ಮತ್ತೆ ಚಾಲೂ ಮಾಡುವುದು. ಅಲ್ ಖೋರ್‌ನಲ್ಲಿ ಹಿಂದಿನ ವರ್ಷಗಳಲ್ಲಿ ಆ ಹೊತ್ತಿಗೆ ಮಷಿನ್ ರಿಪೇರಿಗೆಂದು ಹೇಗೂ ನಿಂತಿರುತ್ತಿತ್ತು, ಕುಂಕುಮಕ್ಕೆ ತೊಂದರೆಯಿರಲಿಲ್ಲ. ಈ ಸಲ ಅದು ಹನ್ನೊಂದು ತಿಂಗಳಿಂದ ಒಂದು ದಿನವೂ ನಿಂತಿರಲಿಲ್ಲ. ಅಂಥದ್ದಕ್ಕೆ ಹಬ್ಬದ ದಿನವೂ ಒಂದು ಹೂವಿಡದೆ, ಜೀವನದ ದೊಡ್ಡ ಪಂದ್ಯಕ್ಕೆ ದುಡಿ ಅನ್ನುವುದು ಸೀನಪ್ಪನವರಿಗೆ ಸರಿ ಕಾಣಲಿಲ್ಲ. ನಾರಾಯಣಸ್ವಾಮಿಯವರು ಈ ಮಾತನ್ನು ತಲೆಯ ಮೇಲೆ ಹೊತ್ತರು. ದೋಹಾದ ಬಿನ್ ಒಮ್ರಾನ್‌ನ ಅಂಗಡಿಯಿಂದ ಬೂದುಗುಂಬಳ ಬಂತು. ಅವರ ಹೆಂಡತಿ ಹೇಮಲತಾ ಕೇಸರಿಬಾತ್ ಮಾಡಿ ಕಳಿಸಿದರು. ಬೆಳಿಗ್ಗೆ ಆರೂ ಹತ್ತಕ್ಕೆ ಸೀನಪ್ಪನವರು ಮಷಿನ್ ನಿಲ್ಲಿಸಿದರು. ಆರೂ ನಲವತ್ತಕ್ಕೆ ಕೈ ಮುಗಿದು ಸ್ವಿಚ್ ಒತ್ತಿದರು.

ಒಳಗೆ ಟಕ್ ಎಂದಿತು. ಆಮೇಲೆ ಏನೂ ಇಲ್ಲ. ಎರಡನೆಯ ಸಲ ಟಕ್ಕೂ ಇಲ್ಲ. ಸುಟ್ಟ ವಾಸನೆ ಬಂತು. ಸ್ಟಾರ್ಟರ್ ಹೋಗಿತ್ತು. ಓಡುತ್ತಿರುವಷ್ಟು ದಿನ ಯಾರಿಗೂ ಗೊತ್ತಾಗದೆ ಒಳಗೇ ಹಳತಾಗಿದ್ದದ್ದು, ನಿಲ್ಲಿಸಿ ಮತ್ತೆ ಎಬ್ಬಿಸಿದ ಕೂಡಲೇ ಸೋತುಬಿಟ್ಟಿತು.

ನಾರಾಯಣಸ್ವಾಮಿಯವರ ಕೈಯಲ್ಲಿ ಕೇಸರಿಬಾತಿನ ಚಮಚ ಹಾಗೇ ಉಳಿಯಿತು. "ಏನ್ರೀ ಸೀನಪ್ಪ, ಇವತ್ತೇ ಹಿಂಗಾಗ್ಬೇಕಾ," ಎಂದರು.

"ನಾನು ನಿಲ್ಲಿಸದಿದ್ರೆ ಆಗ್ತಿರ್ಲಿಲ್ಲ ಸರ್," ಎಂದರು ಸೀನಪ್ಪನವರು. ಆ ಬೆಳಿಗ್ಗೆ ಅವರು ಆಡಿದ ಉದ್ದನೆಯ ಮಾತು ಅದೇ.

ಶುಕ್ರವಾರವಾದ್ದರಿಂದ ಅಂಗಡಿಗಳು ಮುಚ್ಚಿದ್ದವು. ಸೀನಪ್ಪನವರು ಬಾಗಿಲುಗಳನ್ನು ಬಿಗಿಯಾಗಿ ಹಾಕಿಸಿ, ಟ್ಯಾಕ್ಸಿ ಹಿಡಿದು ಮೀನಿನ ಬಂದರಿಗೆ ಹೋದರು. ಅಲ್ಲಿನ ಐಸ್ ಪ್ಲಾಂಟಿನಲ್ಲಿ ಉಳ್ಳಾಲದ ಮೊಯ್ದಿನ್ ಇದ್ದರು. ಇಬ್ಬರದೂ ಒಂದೇ ಕಸುಬು, ಭಾಷೆ ತುಳು, ಐದು ವರ್ಷದ ಸ್ನೇಹ. ಮೊಯ್ದಿನ್ ಇಡೀ ಕಥೆಯನ್ನು ಗಂಭೀರವಾಗಿ ಕೇಳಿದರು.

"ನನ್ನ ರಜೆಯ ಅರ್ಜಿ ಹೋದ ವರ್ಷದಿಂದ ಆಫೀಸಿನಲ್ಲಿ ಉಂಟು," ಎಂದರು. "ನಿನ್ನ ಮಷಿನ್‌ಗೆ ಕೇಳದೆಯೇ ರಜೆ ಸಿಕ್ಕಿತಲ್ಲ ಮಾರಾಯ."

ಹೀಗೆ ಹೇಳುತ್ತಲೇ ಅವರು ತಮ್ಮಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಮಷಿನಿನಿಂದ ಸ್ಟಾರ್ಟರ್ ಬಿಚ್ಚತೊಡಗಿದ್ದರು. ಅದರ ಜೊತೆಗೆ ಪಿಕಪ್ ತುಂಬ ಪುಡಿ ಮಾಡಿದ ಐಸನ್ನೂ ತುಂಬಿದರು. ಜುಮ್ಮಾ ನಮಾಜಿಗೆ ಮೊದಲು ಇಳಿಸಿ ಬರುತ್ತೇನೆ, ಯಲ್ಲಾ, ಹೊರಡು, ಎಂದರು.

ಹತ್ತೂವರೆಗೆ ಹಾಲ್‌ನ ಬಾಗಿಲು ತೆರೆದಾಗ ಮಂಜಿನ ಮೇಲೆ ಬೆರಳ ದಪ್ಪ ನೀರು ನಿಂತಿತ್ತು. ಅದರಲ್ಲಿ ಮೇಲಿನ ಟ್ಯೂಬ್‌ಲೈಟ್‌ಗಳು ಅಲ್ಲಾಡುತ್ತಿದ್ದವು. ಮಕ್ಕಳು ಅಂಚಿನಲ್ಲಿ ಸಾಲಾಗಿ ಕೂತಿದ್ದರು. ಸಾವಿನ ಮನೆಯಲ್ಲಿ ಕೂತ ಹಾಗೆ. ಮೊಯ್ದಿನ್ ಮತ್ತು ಫಿಡೆಲಿಸ್ ಗುದ್ದಲಿಯಿಂದ ಮೀನಿನ ಐಸು ಹರಡಿದರು. ಐವಿ ಅದರೊಳಗಿಂದ ಮೀನಿನ ಹುರುಪೆ ಆರಿಸಿ ತೆಗೆದಳು. ಕಾಲೊನಿಯ ಮನೆ ಮನೆಯಿಂದ ಕಂಬಳಿ ಬಂತು. ಕತಾರಿನಲ್ಲಿ ಇಷ್ಟೊಂದು ಕಂಬಳಿ ಯಾಕೆ ತಂದಿದ್ದರೋ, ಅಂತೂ ಎಲ್ಲವನ್ನೂ ಐಸಿನ ಮೇಲೆ ಹೊದಿಸಿದರು. ಮಷಿನ್ ರೂಮಿನಲ್ಲಿ ಸೀನಪ್ಪನವರು ಸ್ಟಾರ್ಟರ್ ಕೂರಿಸುತ್ತಿದ್ದರು. ಕುಂಕುಮ ಅವರ ಅಂಗಿಗೆ, ಮುಖಕ್ಕೆ ಮೆತ್ತಿಕೊಂಡಿತ್ತು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಮಷಿನ್ ಗುಡುಗಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮತ್ತೆ ನಿಂತೀತೇನೋ ಎಂಬ ಭಯ ಎಲ್ಲರಿಗೂ.

ದಿನದ ವಿವರ ಬರೆಯುವ ಲಾಗ್ ಪುಸ್ತಕವನ್ನು ಸೀನಪ್ಪನವರು ತೆರೆದಾಗ ನಾರಾಯಣಸ್ವಾಮಿಯವರು ಬಾಗಿಲು ಮರೆ ಮಾಡಿ ನಿಂತರು. ಝಕರಿಯಾ ಸಾಹೇಬರು ಪುಸ್ತಕ ನೋಡದೆ ಹೋಗುವವರಲ್ಲ ಎಂದರು.

"ಕರೆಂಟ್ ಹೋಗಿತ್ತು ಅಂತ ಬರೆದುಬಿಡಿ ಸೀನಪ್ಪ. ಮಕ್ಕಳ ಮುಖ ನೋಡಿ."

ಸೀನಪ್ಪನವರು ಗೋಡೆಯ ಗೀಟುಗಳ ಕಡೆ ನೋಡಿದರು. "ಕರೆಂಟ್ ಇತ್ತಲ್ಲ ಸರ್," ಎಂದು, ಅಕ್ಷರ ಅಕ್ಷರ ಕೂಡಿಸಿ ಇಂಗ್ಲಿಷಿನಲ್ಲಿ ಬರೆದರು: ಆರೂ ಹತ್ತಕ್ಕೆ ಮಷಿನ್ ನಿಲ್ಲಿಸಿದ್ದು ಸೀನಪ್ಪ, ಕಾರಣ ಪೂಜೆ.

ನಾಲ್ಕಕ್ಕೆ ಕಂಬಳಿ ತೆಗೆದು, ಬಿಸಿನೀರು ಹರಿಸಿ, ಗೋಣಿ ಎಳೆದಾಯಿತು. ಆಮೇಲೆ ಸೀನಪ್ಪನವರು ಚಪ್ಪಲಿ ಬಿಟ್ಟು ಮಂಜಿಗೆ ಇಳಿದರು. ಎಂದಿನ ಒಂದು ಸುತ್ತು ಅಲ್ಲ. ಈ ಅಂಚಿನಿಂದ ಆ ಅಂಚಿಗೆ, ಗದ್ದೆ ಉಳುವ ಹಾಗೆ ಸಾಲು ಸಾಲಾಗಿ, ಪಾದ ಪೂರ್ತಿ ಊರಿ ನಡೆದರು. ಮೆತ್ತಗಿದ್ದಲ್ಲಿ ನಿಲ್ಲುವರು, ಹಿಂದೆ ಸ್ಕೇಟ್ ತೊಟ್ಟು ಬರುತ್ತಿದ್ದ ಇಂಚರಾ ಅಲ್ಲಿ ಕೆರೆದ ಮಂಜು ತುಂಬಿ ತಟ್ಟುವಳು. ಮುಕ್ಕಾಲು ಗಂಟೆ ಇದೇ ನಡೆಯಿತು. ಬಸ್ಸಿನಲ್ಲಿ ಪುರಾಣ ಕಟ್ಟಿದವರೆಲ್ಲ ಈಗ ಹಾಲ್‌ನ ಬೆಂಚುಗಳಿಂದ ನೋಡುತ್ತಿದ್ದರು. ಸೀನಪ್ಪನವರು ಮೇಲೆ ಬಂದಾಗ ಪಾದಗಳು ಬೂದುಬಣ್ಣಕ್ಕೆ ತಿರುಗಿದ್ದವು. ಒಂದು ಹಿಮ್ಮಡಿಯ ಚರ್ಮ ಕಿತ್ತುಬಂದಿತ್ತು.

ಒಂದು ಜಾಗ ಮಾತ್ರ ಗಟ್ಟಿಯಾಗಲೇ ಇಲ್ಲ, ಬಾಗಿಲ ಕಡೆಯ ಗೋಲಿನ ಎಡಗಂಬದ ಬುಡ. "ಅಲ್ಲಿ ಬಂದ ಪಕ್ ನಿಧಾನ ಆಗ್ತದೆ ಮಗಾ. ನೀನು ಬಲಗಡೆ ನೋಡಿಕೋ," ಎಂದರು ಇಂಚರಾಗೆ. ಆಟದ ಮಧ್ಯದಲ್ಲಿ ಎರಡೂ ತಂಡ ಗೋಲು ಬದಲಾಯಿಸುತ್ತವೆಂದು ನೆನಪಾಗಿ, ದೋಹಾದ ಗೋಲಿಗೂ ಹೋಗಿ ಅದನ್ನೇ ಹಿಂದಿಯಲ್ಲಿ ವಿವರಿಸಿದರು. ಆ ಹುಡುಗನಿಗೆ ಹಿಂದಿ ಬರುತ್ತಿರಲಿಲ್ಲ. ವಿನಯವಾಗಿ ಕೈ ಕುಲುಕಿದ.

ಐದಕ್ಕೆ ಪಂದ್ಯ ಶುರುವಾಯಿತು. ಹಾಲ್ ತುಂಬ ಅಂಜಲ್ ಮೀನಿನ ವಾಸನೆ. ದೋಹಾದ ಮಕ್ಕಳು ಮೂಗು ಮುಚ್ಚಿಕೊಂಡು ಸ್ಕೇಟ್ ಮಾಡಿದರು. ನಮ್ಮ ಕರಾವಳಿಯ ಮಕ್ಕಳಿಗೆ ಹಸಿವಾಯಿತು. ಎದುರಾಳಿಯ ಕೋಲಿಗಿಂತ ಮೊದಲು ಮೂಗನ್ನು ಹಣಿದ ತಂಡ ಈ ಆಟದಲ್ಲಿ ಬೇರೊಂದು ಇರಲಾರದು. ಎರಡನೆಯ ಅವಧಿಯಲ್ಲಿ ಐವಿ ಬ್ಯಾಟು ಬೀಸಿದ ಹಾಗೆ ಬೀಸಿದಳು. ಪಕ್ ನೇರ ಹೋಗಿ ಗೋಲಿನ ಬಲೆಗೆ ಬಿತ್ತು. ಮೂರು ವರ್ಷದಲ್ಲಿ ಅಲ್ ಖೋರ್‌ನ ಮೊದಲ ಗೋಲು ಅದು. ನಾರಾಯಣಸ್ವಾಮಿಯವರು ಅದು ನಿಯಮಬದ್ಧವೇ ಎಂದು ಪುಸ್ತಕ ತೆಗೆದು ನೋಡಿದರು. ಇಂಚರಾ ಎರಡನ್ನು ಬಿಟ್ಟಳು, ಇಪ್ಪತ್ತೇಳನ್ನು ತಡೆದಳು. ಕೊನೆಯ ನಿಮಿಷದಲ್ಲಿ ಎಡಗಂಬದ ಬುಡಕ್ಕೆ ಬಂದ ಪಕ್ ಮೆತ್ತನೆಯ ಐಸಿನಲ್ಲಿ ಹೂತು ಅಲ್ಲೇ ನಿಂತಿತು. ಅವಳು ಬಾಗಿ ಅದನ್ನು ಕೈಗೆತ್ತಿಕೊಂಡಳು. ಅಲ್ ಖೋರ್ ಒಂದು, ದೋಹಾ ಎರಡು. ಹನ್ನೆರಡನೆಯ ಸೋಲು. ಆದರೆ ಮೂರೂ ಅವಧಿ, ಒಂದು ನಿಮಿಷವೂ ಕಡಿಮೆಯಿಲ್ಲದೆ.

ಝಕರಿಯಾ ಸಾಹೇಬರು ಮಷಿನ್ ರೂಮಿಗೆ ಬಂದರು. ಲಾಗ್ ಪುಸ್ತಕ ತೆರೆದು ಓದಿದರು. ಕುಂಕುಮ ಹಚ್ಚಿದ ಕಂಪ್ರೆಸರನ್ನೂ ಸೀನಪ್ಪನವರನ್ನೂ ಒಮ್ಮೆ ನೋಡಿದರು. ಬಾಗಿಲಲ್ಲಿ ಇಂಚರಾ ಹೆಲ್ಮೆಟ್ ಕಂಕುಳಲ್ಲಿಟ್ಟು ನಿಂತಿದ್ದಳು. ನಾರಾಯಣಸ್ವಾಮಿಯವರು ಏನೋ ಹೇಳಹೊರಟರು. ಸಾಹೇಬರು ಕೈ ಎತ್ತಿ ತಡೆದರು.

"ಇದು ನೀನೇ ಬರೆದದ್ದಾ?" ಎಂದು ಹಿಂದಿಯಲ್ಲಿ ಕೇಳಿದರು.

ಸೀನಪ್ಪನವರು ಹೌದೆಂದರು.

"ಪೂರ್ತಿ ಆಟ ನಡೆಯಬೇಕು ಅಂತ ನಾನು ಹೇಳಿದ್ದೆ. ನಡೆಯಿತು. ಮುಂದಿನ ವರ್ಷ ಪೂಜೆಗೆ ಮೊದಲು ಇನ್ನೊಂದು ಸ್ಟಾರ್ಟರ್ ತರಿಸಿ ಇಡಿ."

ಇನ್ನೊಂದು ವರ್ಷ ಮುಂದುವರಿಸುವ ಪತ್ರಕ್ಕೆ ಅವರು ಸಹಿ ಹಾಕಿದರು. ಇಂಚರಾ ಸೀಮೆಸುಣ್ಣ ತೆಗೆದುಕೊಂಡು ತಾನೇ ಇಪ್ಪತ್ತೇಳು ಗೀಟು ಎಳೆಯತೊಡಗಿದಳು. ಹೊರಡುವ ಮುನ್ನ ಸಾಹೇಬರ ಕಣ್ಣು ಸೀನಪ್ಪನವರ ಕಿತ್ತ ಹಿಮ್ಮಡಿಯ ಮೇಲೆ ಬಿತ್ತು. ಇಷ್ಟು ವರ್ಷ ಅಲ್ ಖೋರ್‌ನಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಅವರು ಕೇಳಿದರು: ಈ ಮಂಜಿನ ಮೇಲೆ ಬರಿಗಾಲಲ್ಲಿ ಯಾಕೆ ನಡೆಯುತ್ತೀರಿ?

ಬಾಗಿಲಲ್ಲಿ ಗುಂಪು ಕೂಡಿತು. ಫಿಡೆಲಿಸ್ ಕಿವಿ ಮುಂದೆ ಮಾಡಿದರು. ಪ್ರದಕ್ಷಿಣೆಯ ಬಗ್ಗೆ ಬರೆದಿದ್ದ ನಾರಾಯಣಸ್ವಾಮಿಯವರು ಹೆಮ್ಮೆಯಿಂದ ಮಫ್ಲರ್ ಸರಿಪಡಿಸಿಕೊಂಡರು.

"ಚಪ್ಪಲಿ ಜಾರ್ತದೆ ಸರ್," ಎಂದರು ಸೀನಪ್ಪನವರು. "ಬೂಟು ಬೇಕಂತ ಮೂರು ಸಲ ಫಾರಂ ತುಂಬಿ ಕೊಟ್ಟಿದ್ದೇನೆ. ನಾರಾಯಣಸ್ವಾಮಿ ಸರ್ ಹತ್ರ ಉಂಟು."