ನಾನೂರನ್ನು ಐನೂರು ಮಾಡಿದ್ದು

ಯಾವುದೇ ವಸ್ತುವಿನ ಮೇಲೆ ‘ಇದಕ್ಕಿಂತ ಹೆಚ್ಚು ಬೇಡ’ ಎಂದು ಬರೆದಿದ್ದರೆ, ಬರೆದವನು ಸ್ವಲ್ಪ ಪುಕ್ಕಲನಿರಬೇಕು ಎಂದು ನನಗೆ ಅನ್ನಿಸುತ್ತದೆ. ಆರು ಜನರ ಲಿಫ್ಟಿಗೆ ಏಳನೆಯವನಾಗಿ ನುಗ್ಗುವವನು ನಾನೇ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಸುಡುವ ತನಕ ಒಮ್ಮೆ ಹೋಗಿ ನೋಡಿ ಬಂದಿದ್ದೇನೆ, ಹೋಗಲಿಲ್ಲ.

ಇದನ್ನು ಹೇಳಿಕೊಳ್ಳಲು ನಾನು ನಾಚಿಕೊಳ್ಳಬೇಕು, ಏಕೆಂದರೆ ದಾಂಡೇಲಿಯ ಅಂಚಿನ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಬಾಯ್ಲರ್ ನೋಡಿಕೊಳ್ಳುವವನು. ಗೇಜಿನ ಮುಳ್ಳು ಕೆಂಪು ಗೆರೆ ಮುಟ್ಟದಂತೆ ಕಾಯುವುದಕ್ಕೇ ನನಗೆ ಸಂಬಳ. ಎಂಟು ತಾಸು ಮುಳ್ಳನ್ನು ಅದುಮಿಟ್ಟು ಮನೆಗೆ ಬಂದವನಿಗೆ ಏನನ್ನಾದರೂ ಮೇಲಕ್ಕೇರಿಸುವ ಚಪಲವಾಗುತ್ತದೆ. ಬಹಳ ದಿನ ಆ ಚಪಲ ರೇಡಿಯೋದ ಸದ್ದಿನಲ್ಲಿ ತೀರುತ್ತಿತ್ತು. ಆಮೇಲೆ ಮನೆಗೆ ಕಂಪ್ಯೂಟರ್ ಬಂತು.

ಹೊಸ ಶತಮಾನ ಆಗಷ್ಟೇ ಕಣ್ಣು ಬಿಟ್ಟಿತ್ತು. ಕಂಪ್ಯೂಟರ್ ತಂದದ್ದು ನನಗಾಗಿ ಅಲ್ಲ, ನನ್ನ ಹೆಂಡತಿ ಸರೋಜಳಿಗಾಗಿ. ಅವಳು ಹಳಿಯಾಳದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾಳೆ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಶಾಲೆಯ ಟೈಮ್‌ಟೇಬಲ್ ಹಾಕುವ ಕೆಲಸ ಮೂರು ವರ್ಷದಿಂದ ಅವಳ ಪಾಲಿಗಿತ್ತು. ಟೈಮ್‌ಟೇಬಲ್ ಎಂದರೆ ಗೋಡೆಗೆ ಅಂಟಿಸಿದ ಒಂದು ಹಾಳೆ ಎಂದು ನೀವು ತಿಳಿದಿರಬಹುದು, ನಾನೂ ಹಾಗೇ ತಿಳಿದಿದ್ದೆ. ಅದು ಹನ್ನೊಂದು ಜನ ಶಿಕ್ಷಕರ ಹನ್ನೊಂದು ನಮೂನೆಯ ಬೇಡಿಕೆಗಳನ್ನು ಒಂದೇ ಹಾಸಿಗೆಯಲ್ಲಿ ಮಲಗಿಸುವ ಕೆಲಸ. ಒಬ್ಬರಿಗೆ ಮೊದಲ ಪಿರಿಯಡ್ ಬೇಡ, ಇನ್ನೊಬ್ಬರಿಗೆ ಊಟದ ನಂತರ ಒಂಬತ್ತನೇ ‘ಬಿ’ ಬೇಡ, ಕೊನೆಯ ಪಿರಿಯಡ್ ಅಂತೂ ಯಾರಿಗೂ ಬೇಡ. ಒಂದು ಚೌಕ ಸರಿಸಿದರೆ ನಾಲ್ಕು ಕಡೆ ಜಗಳ ಹುಟ್ಟುತ್ತದೆ. ರಜೆ ಮುಗಿದು ಸೋಮವಾರ ಶಾಲೆ ತೆರೆಯುವಷ್ಟರಲ್ಲಿ ಅದು ಹೆಡ್‌ಮಾಸ್ತರರ ಮೇಜಿನ ಮೇಲೆ ಇರಬೇಕಿತ್ತು. ಮೇ ತಿಂಗಳ ರಜೆಯನ್ನೆಲ್ಲ ಅವಳು ಅದಕ್ಕೇ ಸುರಿದಿದ್ದಳು.

ಆ ಕಂಪ್ಯೂಟರಿನ ಪ್ರೊಸೆಸರಿಗೆ ಕಂಪನಿಯವರು ಕೊಟ್ಟ ವೇಗ ನಾನೂರು ಮೆಗಾಹರ್ಟ್ಸ್. ನಾನೂರು ಎಂದು ಬರೆದದ್ದನ್ನು ಓದಿದ ದಿನವೇ ಇದು ಐನೂರು ಓಡುತ್ತದೆ ಎಂದು ನನ್ನ ಮನಸ್ಸು ಹೇಳಿತು. ಅದು ಪೂರ್ತಿ ಸುಳ್ಳೂ ಅಲ್ಲ. ಮಕ್ಕಳಿಗೆ ಯೂನಿಫಾರ್ಮ್ ಹೊಲಿಯುವ ಟೇಲರ್ ಅಂಚಿನೊಳಗೆ ಎರಡು ಬೆರಳು ಬಟ್ಟೆ ಮಡಚಿ ಬಿಟ್ಟಿರುತ್ತಾನೆ. ಹುಡುಗ ಬೆಳೆದಾಗ ಬಿಚ್ಚಿಕೊಳ್ಳಲಿ ಎಂದು. ಪ್ರೊಸೆಸರ್ ಮಾಡುವವರೂ ಹಾಗೆಯೇ ಒಂದಿಷ್ಟನ್ನು ಒಳಗೆ ಮಡಚಿಟ್ಟಿರುತ್ತಾರೆ. ಆ ಹೊಲಿಗೆ ಬಿಚ್ಚುವ ವಿದ್ಯೆಗೆ ಓವರ್‌ಕ್ಲಾಕಿಂಗ್ ಎಂದು ಹೆಸರು. ನಾನು ಸರೋಜಳಿಗೆ ಇದನ್ನು ಭಕ್ತಿಯಿಂದ ವಿವರಿಸಿ, ಸುರಕ್ಷಿತವಾಗಿಯೇ ಮಾಡುತ್ತೇನೆ ಎಂದೆ.

“ಹೆಸರಿನ್ಯಾಗ ಓವರ್ ಅಂತ ಐತಿ. ಮತ್ತ ಸುರಕ್ಷಿತ ಹೆಂಗಾಗತೈತ್ರಿ?” ಎಂದಳು ಅವಳು.

“ನಿನ್ನ ಟೈಮ್‌ಟೇಬಲ್ ಲಗೂ ಮುಗೀತೈತಿ.”

“ತಡಾ ಆಗೂದು ಕಂಪ್ಯೂಟರ್‌ನಿಂದ ಅಲ್ರಿ, ಹಿಂದಿ ಸರ್‌ನಿಂದ. ಅವರನ್ನ ಏರಸಾಕ ಬರತೈತೇನು?”

ಬರುತ್ತಿರಲಿಲ್ಲ. ಹಾಗಾಗಿ ಪ್ರೊಸೆಸರನ್ನೇ ಏರಿಸಲು ನಿಶ್ಚಯಿಸಿದೆ.

ಇದರಲ್ಲಿ ನನ್ನ ಗುರು ತಾಶಿ. ಮುಂಡಗೋಡದ ಟಿಬೆಟನ್ ಕಾಲೊನಿಯವನು, ಅಲ್ಲೇ ಹುಟ್ಟಿದವನು, ನನಗಿಂತ ಚಲೋ ಕನ್ನಡ ಮಾತಾಡುವವನು. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುತ್ತಾನೆ, ಉಳಿದ ತಿಂಗಳು ಕಂಪ್ಯೂಟರ್ ಜೋಡಿಸಿ ಕೊಡುತ್ತಾನೆ. “ಮನುಷ್ಯಾರನ್ನ ಬೆಚ್ಚಗ ಇಡೂದು, ಮಶೀನ್ ತಣ್ಣಗ ಇಡೂದು, ಇಷ್ಟ ನೋಡ್ರಿ ನನ್ನ ದಂಧೆ” ಎಂದು ನಗುತ್ತಾನೆ. ನಮ್ಮ ಕಂಪ್ಯೂಟರ್ ಜೋಡಿಸಿದವನೂ ಅವನೇ. ಪ್ರೊಸೆಸರ್ ತಣ್ಣಗಿಡಲು ದೊಡ್ಡ ಫ್ಯಾನ್ ಬೇಕೇ ಎಂದು ನಾನು ಕೇಳಿದ್ದಕ್ಕೆ ಕೈ ಅಲ್ಲಾಡಿಸಿಬಿಟ್ಟ.

“ಡಬ್ಬ್ಯಾಗ ಬಂದ ಫ್ಯಾನ್ ಸಾಕ್ರಿ ಸರ. ಆಶಾ ಸಣ್ಣದಿದ್ರ ಫ್ಯಾನೂ ಸಣ್ಣದ ಸಾಲತೈತಿ. ಒಂದೊಂದ ಮೆಟ್ಟಲ ಏರಸ್ರಿ. ಏರಿಸಿದ ಮ್ಯಾಲೆ ಒಂದ ದಿನಾ ಪೂರ್ತಿ ದುಡಿಸಿ ನೋಡ್ರಿ, ತಾಸಿಗೊಮ್ಮೆ ಬಿಸಿ ಎಷ್ಟೈತಿ ಬರಕೊಳ್ರಿ. ತಪ್ಪ ಬಂದ್ರ ಒಂದ ಮೆಟ್ಟಲ ಇಳೀರಿ, ಹಟಾ ಮಾಡಬ್ಯಾಡ್ರಿ. ಮತ್ತ ಎಲ್ಲಾದಕ್ಕಿಂತ ಮೊದಲ ನಿಮ್ಮ ಫೈಲ್ ಬ್ಯಾರೆ ಕಡೆ ಇಟ್ಟಬಿಡ್ರಿ.”

ಫ್ಯಾನಿಗೂ ಪ್ರೊಸೆಸರಿಗೂ ನಡುವೆ ಒಂದು ಬಿಳಿ ಮುಲಾಮು ಹಚ್ಚಬೇಕು, ಶಾಖ ಬೇಗ ದಾಟಲಿ ಎಂದು. ಎಷ್ಟು ಹಚ್ಚಬೇಕೆಂದು ಕೇಳಿದೆ. “ಎಲಿಗೆ ಸುಣ್ಣಾ ಹಚ್ಚಿದಷ್ಟ” ಎಂದ. ಯಾವ ಪುಸ್ತಕದಲ್ಲೂ ಇಷ್ಟು ಸ್ಪಷ್ಟವಾದ ಅಳತೆ ನಾನು ನೋಡಿಲ್ಲ.

ತಾಶಿಯ ಮಾತನ್ನು ನಾನು ಅಕ್ಷರಶಃ ಪಾಲಿಸಿದೆ. ಟೈಮ್‌ಟೇಬಲ್ ಫೈಲು ‘ಸಿ’ ಡ್ರೈವಿನಲ್ಲಿತ್ತು, ‘ಡಿ’ಯಲ್ಲೂ ಒಂದು ಪ್ರತಿ ಇಟ್ಟೆ. ಬೇರೆ ಕಡೆ ಎಂದರೆ ಬೇರೆ ಕಡೆ. ಮೊದಲ ಮೆಟ್ಟಿಲು ನಾನೂರೈವತ್ತು. ಅಂದು ನನಗೆ ವಾರದ ರಜೆ. ಕಂಪ್ಯೂಟರಿಗೆ ಬೆವರು ಬರುವಷ್ಟು ಲೆಕ್ಕ ಮಾಡಿಸುವ ಒಂದು ಪರೀಕ್ಷೆಯ ಪ್ರೋಗ್ರಾಂ ಹಚ್ಚಿ ಇಡೀ ದಿನ ಎದುರಿಗೇ ಕೂತೆ. ಕಾರ್ಖಾನೆಯಲ್ಲಿ ಇರುವಂತೆ ಒಂದು ಲಾಗ್‌ಬುಕ್ಕಿಗೆ ಗೆರೆ ಎಳೆದೆ: ತಾಸು, ಡಿಗ್ರಿ, ಷರಾ. ತಾಸು ತಾಸಿಗೆ ಬರೆದೆ. ಬಿಸಿ ಐವತ್ತು ದಾಟಲಿಲ್ಲ. ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನು ತೆರೆದ ಕ್ಯಾಬಿನೆಟ್ಟಿನ ಕಡೆ ತಿರುಗಿಸಿದ್ದೂ ಅದಕ್ಕೆ ಕಾರಣವಿರಬಹುದು. ಇದನ್ನು ತಾಶಿಗೆ ಹೇಳಲಿಲ್ಲ. ಅಡಿಗೆಮನೆಯಿಂದ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದ ಸರೋಜ ಒಂದು ಗಳಿಗೆ ನಿಂತು ನೋಡಿ, “ನಾನೂ ಬಿಸಿ ಆಗೇನ್ರಿ. ನಂದೂ ಒಂದ ಕಾಲಮ್ ಹಾಕ್ರಿ” ಎಂದಳು. ಹಾಸ್ಯ ಚೆನ್ನಾಗಿದೆ ಎಂದು ನಾನು ನಕ್ಕೆ.

ಐನೂರರ ಪರೀಕ್ಷೆ ಶುಕ್ರವಾರ. ಅಂದು ನನಗೆ ಬೆಳಗಿನ ಶಿಫ್ಟು. ಲಾಗ್‌ಬುಕ್ಕನ್ನು ಸರೋಜಳ ಕೈಗೆ ಕೊಟ್ಟು, ಪರದೆಯ ಮೂಲೆಯಲ್ಲಿ ಕಾಣುವ ಅಂಕಿಯನ್ನು ತಾಸಿಗೊಮ್ಮೆ ಬರೆಯಬೇಕು, ಪರೀಕ್ಷೆ ತಪ್ಪಿಲ್ಲದೆ ನಡೆಯುತ್ತಿದ್ದರೆ ಷರಾದಲ್ಲಿ ‘ಸರಿ’ ಎಂದು ಬರೆಯಬೇಕು ಎಂದು ಎರಡು ಸಲ ಹೇಳಿ ಹೋದೆ. ಮೂರೂವರೆಗೆ ಬಂದು ನೋಡಿದರೆ ಕಣ್ಣು ತುಂಬುವ ದೃಶ್ಯ. ಐವತ್ತೊಂದು, ಸರಿ. ಐವತ್ತೆರಡು, ಸರಿ. ಐವತ್ತೆರಡು, ಸರಿ. ಐವತ್ತಮೂರು, ಸರಿ. ಐವತ್ತೆರಡು, ಸರಿ. ಹನ್ನೆರಡರ ಉರಿಬಿಸಿಲಿನಲ್ಲೂ ಅಲುಗಾಡಿಲ್ಲ. ಅವಳು ಆಗಲೇ ಪರೀಕ್ಷೆಯನ್ನು ಮುಚ್ಚಿ ಟೈಮ್‌ಟೇಬಲ್ ತೆರೆದು ಕೂತಿದ್ದಳು. ಐನೂರರ ಮೇಲೆ ಕೂತಿದ್ದಾಳೆ ಎಂದು ನನಗೆ ಹೆಮ್ಮೆಯಾಯಿತು. ಸಂಜೆಯ ಹೊತ್ತಿಗೆ ಕೊನೆಯ ಚೌಕವೂ ತುಂಬಿ, “ಮುಗೀತ್ರಿ” ಎಂದು ಬೆನ್ನು ನೆಟ್ಟಗೆ ಮಾಡಿಕೊಂಡಳು.

ಶನಿವಾರ ಬೆಳಿಗ್ಗೆ ಕಂಪ್ಯೂಟರ್ ಏಳಲಿಲ್ಲ. ಫ್ಯಾನು ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು, ಕಪ್ಪು ಪರದೆಯ ಮೇಲೆ ಒಂದೇ ಸಾಲು ಇಂಗ್ಲಿಷು: ಡಿಸ್ಕಿನಲ್ಲಿ ಏನೂ ಸಿಗುತ್ತಿಲ್ಲ ಎಂಬರ್ಥದ್ದು. ಐನೂರರಿಂದ ನಾನೂರಕ್ಕೆ ಇಳಿಸಿ ಬೇಡಿಕೊಂಡೆ. ಎದ್ದಿತು, ಆದರೆ ಎಲ್ಲ ಮರೆತು ಎದ್ದಿತು. ಎಸ್‌ಟಿಡಿ ಬೂತಿಗೆ ಓಡಿ ತಾಶಿಗೆ ಫೋನ್ ಮಾಡಿದೆ.

“ಡಿಸ್ಕ್ ಖಲಾಸ್ ಆಗಿರತೈತ್ರಿ ಸರ. ಕಂಪ್ಯೂಟರ್ ಒಳಗ ಮಾಹಿತಿ ಹೊತಗೊಂಡ ಓಡಾಡೂದಕ್ಕ ಬಸ್ ಅಂತಾರ್ರಿ. ನೀವ ಏರಿಸಿದ್ದು ಆ ಬಸ್ಸಿನ ಸ್ಪೀಡಲಾ? ಪ್ರೊಸೆಸರ್ ಒಂದ ಆ ಬಸ್ಸಿನ್ಯಾಗ ಕೂತಿಲ್ಲ, ಡಿಸ್ಕೂ ಅದರಾಗ ಕೂತೈತಿ. ಅದಕ್ಕ ಅಷ್ಟ ಜೋರ ತಡೀಲಿಲ್ಲ, ಬರ್ಯೂದೆಲ್ಲಾ ಅಡ್ಡಾತಿಡ್ಡಿ ಬರದೈತಿ. ಇರ್ಲಿ, ಬ್ಯಾರೆ ಕಡೆ ಕಾಪಿ ಐತಲಾ?”

“ಐತೋ. ‘ಡಿ’ಯೊಳಗ ಐತಿ.”

‘ಡಿ’ಯೊಳಗೇ ಹೌದೇ ಎಂದು ತಾಶಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಮೀಟರು ಓಡುತ್ತಿತ್ತು. “ಸರ, ‘ಡಿ’ ಅಂದ್ರ ಬ್ಯಾರೆ ಮನಿ ಅಲ್ರಿ. ಅದ ಮನೀದು ಹಿತ್ತಲಕಡೆ ಖೋಲಿ” ಎಂದ. ಆಮೇಲೆ ಇನ್ನೊಂದು ಕೇಳಿದ: “ಪರೀಕ್ಷಾದಾಗ ತಪ್ಪ ತೋರಿಸಿರಬೇಕಲ್ರಿ?”

ಲಾಗ್‌ಬುಕ್ಕಿನಲ್ಲಿ ಎಲ್ಲ ಸರಿ ಇತ್ತು. ಅಷ್ಟೊಂದು ಸರಿ ಇದ್ದದ್ದು ನನಗೆ ಆಗ ಹೊಳೆಯಿತು. ಮನೆಗೆ ಬಂದು ಪುಸ್ತಕವನ್ನು ಅವಳ ಮುಂದೆ ಹಿಡಿದು, ನಿಜವಾಗಿ ಎಷ್ಟು ಸಲ ನೋಡಿದ್ದಿ ಎಂದು ದನಿ ಏರಿಸಿ ಕೇಳಿದೆ. ರಜೆಯೆಲ್ಲ ಹಾಳಾಗಿ ಗೋಡೆಗೆ ಒರಗಿ ಕೂತಿದ್ದವಳು ತಲೆ ಎತ್ತಿದಳು.

“ಎರಡ ಸಲಾ ನೋಡೀನಿ. ಉಳದದ್ದು ಅಡಿಗಿಮನ್ಯಾಗ ಕೂತು ಬರದೆ. ಪರೀಕ್ಷಾ ಮುಚ್ಚೂ ಮುಂದ ಪರದೆ ಮ್ಯಾಲೆ ಇಂಗ್ಲಿಷ್‌ನ್ಯಾಗ ಏನೋ ಬಂದು ನಿಂತಿತ್ತು. ಓಕೆ ಅಂತ ಇತ್ತು, ಒತ್ತಿದೆ.”

“ನೋಡದನ ಬರಿಯೂದು ಯಾರ ಕಲಿಸಿದ್ರು ನಿನಗ?”

“ನೀವ” ಎಂದಳು.

ನಿಜ. ಮದುವೆಯಾದ ಹೊಸತರಲ್ಲಿ ನಾನೇ ಕೊಚ್ಚಿಕೊಂಡಿದ್ದೆ: ಕಾರ್ಖಾನೆಯಲ್ಲಿ ಚಳಿ ಹಿಡಿದ ದಿನ ನಾನು ಕುರ್ಚಿಯಿಂದ ಏಳುವುದಿಲ್ಲ, ಹಿಂದಿನ ತಾಸಿನ ಅಂಕಿಗೆ ಒಂದು ಕೂಡಿಸಿ ಇಲ್ಲವೇ ಕಳೆದು ಬರೆಯುತ್ತೇನೆ, ಒಂದೇ ಅಂಕಿ ಬರೆದರೆ ಮೇಲಿನವರಿಗೆ ಸಂಶಯ ಬರುತ್ತದೆ, ಆದ್ದರಿಂದ ನಡುನಡುವೆ ಒಂದಿಷ್ಟು ಏರಿಳಿತ ಬೇಕು. ಆ ಏರಿಳಿತವನ್ನೂ ಅವಳು ಬಿಟ್ಟಿರಲಿಲ್ಲ. ಇಷ್ಟು ಶ್ರದ್ಧೆಯ ಶಿಷ್ಯೆ ಯಾರಿಗೆ ಸಿಕ್ಕಾಳು? ನನ್ನ ಸಿಟ್ಟು ಬಾಲ ಮುದುರಿಕೊಂಡು ಮೂಲೆ ಸೇರಿತು. ಅಂದಿನಿಂದ ಬಾಯ್ಲರಿನ ಮುಳ್ಳನ್ನು ಎದ್ದು ಹೋಗಿ ನೋಡಿಯೇ ಬರೆಯುತ್ತಿದ್ದೇನೆ, ಇದು ಮಾತ್ರ ಬರೆದದ್ದಷ್ಟೇ ಅಲ್ಲ, ಸತ್ಯ.

ರವಿವಾರ ಮುಂಜಾನೆ ಡ್ರಾಯಿಂಗ್ ಶೀಟು, ಪೆನ್ಸಿಲ್, ರಬ್ಬರ್ ಹಿಡಿದು ನೆಲದ ಮೇಲೆ ಕೂತೆವು. ಪ್ರಾಯಶ್ಚಿತ್ತವೆಂದು ಟೇಬಲ್ ಫ್ಯಾನನ್ನು ಅವಳ ಕಡೆ ತಿರುಗಿಸಿದೆ. ಅವಳು ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋದಳು, ನಾನು ಚೌಕದಲ್ಲಿ ಶಿಕ್ಷಕರ ಹೆಸರಿನ ಮೊದಲಕ್ಷರ ತುಂಬುತ್ತ ಹೋದೆ. ಇಡೀ ಟೈಮ್‌ಟೇಬಲ್ ಅವಳಿಗೆ ಬಾಯಿಪಾಠವಿತ್ತು. ನನ್ನ ಐನೂರು ಮೆಗಾಹರ್ಟ್ಸು ಬೇಕೇ ಇರಲಿಲ್ಲ. ಸೋಮವಾರ ಕೊನೆಯ ಪಿರಿಯಡ್ಡಿಗೆ ಎಂಟನೇ ‘ಎ’ದಲ್ಲಿ ‘ಸ’ ಎಂದು ಬರೆದೆ. ಮಂಗಳವಾರ ಕೊನೆಗೂ ‘ಸ’. ಬುಧವಾರವೂ ‘ಸ’. ಗುರುವಾರವೂ ಬಂದಾಗ ಪೆನ್ಸಿಲ್ ನಿಲ್ಲಿಸಿದೆ.

“ಯಾರಿವ್ರು ಪಾಪ? ದಿನಾ ಕೊನೇ ಪಿರಿಯಡ್ ಇವ್ರಿಗೇ ಹಾಕೀಯಲ್ಲ?”

“ಸರೋಜಾ ಅಂತ ಒಬ್ಬಾಕಿ ಅದಾಳ್ರಿ” ಎಂದು ಕಣ್ಣು ಮುಚ್ಚಿಕೊಂಡೇ ಹೇಳಿದಳು. “ಎಲ್ಲಾರಿಗೂ ಕೊಟ್ಟು ಉಳದದ್ದು ಯಾರರೆ ತಗೋಬೇಕಲ್ಲ. ಮೂರ ವರ್ಷಾತು.”

ಮೂರು ವರ್ಷದಿಂದ ಅವಳು ಆರೂಕಾಲಿಗೆ ಮನೆಗೆ ಬರುತ್ತಿದ್ದಳು. ಹಳಿಯಾಳದ ಗಾಡಿ ದಿನಾ ತಡ ಎಂದು ನಾನು ಮೂರು ವರ್ಷ ಆ ಡ್ರೈವರನನ್ನು ಬೈದಿದ್ದೆ. ಆ ಫೈಲನ್ನು ಇಪ್ಪತ್ತು ಸಲವಾದರೂ ತೆರೆದಿದ್ದೆ, ಎಷ್ಟು ಸೆಕೆಂಡಿನಲ್ಲಿ ತೆರೆಯುತ್ತದೆ ಎಂದು ಗಡಿಯಾರ ಹಿಡಿದು ನೋಡಿದ್ದೆ. ಒಳಗೆ ಏನು ಬರೆದಿದೆ ಎಂದು ಒಮ್ಮೆಯೂ ಓದಿರಲಿಲ್ಲ. ನನಗೆ ನಾಚಿಕೆಯಾಯಿತು. ರಬ್ಬರ್ ತೆಗೆದುಕೊಂಡು ಸೋಮವಾರದ ‘ಸ’ವನ್ನು ಅಳಿಸಿ, ಅಲ್ಲಿ ಹಿಂದಿ ಸರ್ ಅವರನ್ನು ಕೂರಿಸಿದೆ.

“ಅವರು ಸಿಟ್ಟಾಗ್ತಾರ್ರಿ!”

“ಆಗ್ಲಿ. ಅವರ ಬೇಡಿಕಿ ಡಿಸ್ಕಿನ್ಯಾಗ ಹೋತು ಅನ್ನು.”

ಅವಳು ನಕ್ಕಳು. ಎರಡು ದಿನದ ನಂತರ ಬಂದ ಮೊದಲ ನಗು. ನಾನು ಆರೂ ದಿನದ ‘ಸ’ ಅಳಿಸಲು ಹೊರಟರೆ ಕೈ ಹಿಡಿದು, “ಮೂರ ಸಾಕ್ರಿ. ಪೂರಾ ಅಳಿಸಿದ್ರ ಸ್ಟಾಫ್‌ರೂಮ್ ತಡ್ಯೂದಿಲ್ಲ” ಎಂದಳು. ಸುರಕ್ಷಿತವಾಗಿ ಎಷ್ಟು ಏರಿಸಬೇಕು ಎಂಬುದು ಈ ಮನೆಯಲ್ಲಿ ಯಾರಿಗೆ ಗೊತ್ತಿತ್ತೆಂದು ನೋಡಿ.

ಸೋಮವಾರ ಸ್ಟಾಫ್‌ರೂಮಿನಲ್ಲಿ ಆ ಹಾಳೆಯ ಸುತ್ತ ಗದ್ದಲ ಏಳುವ ಮೊದಲೇ ಅವಳು ಹೇಳಿದಳಂತೆ: “ಹನ್ನೊಂದ ಮಂದಿ ಬೇಡಿಕಿ ಒಮ್ಮೆಲೆ ಹಾಕಿದೆ, ಕಂಪ್ಯೂಟರ್ ಹಾಳಾಗಿ ಹೋತ್ರಿ.” ಎಲ್ಲರೂ ಗಾಬರಿಯಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಯಾರ ಬೇಡಿಕೆಯಿಂದ ಎಂಬ ಪ್ರಶ್ನೆ ಏಳಬಾರದೆಂದು ಹಿಂದಿ ಸರ್ ಮೊದಲು ಸಹಿ ಮಾಡಿದರಂತೆ. ಆ ವರ್ಷ ಟೈಮ್‌ಟೇಬಲ್ಲಿನಲ್ಲಿ ಒಂದು ಬದಲಾವಣೆಯನ್ನೂ ಯಾರೂ ಕೇಳಲಿಲ್ಲ.

ಪ್ರೊಸೆಸರ್ ಈಗ ನಾನೂರರಲ್ಲೇ ತಣ್ಣಗಿದೆ. ಸರೋಜ ಮಾತ್ರ ವಾರದಲ್ಲಿ ಮೂರು ದಿನ ಒಂದು ತಾಸು ಮೊದಲೇ ಮನೆಗೆ ಬರುತ್ತಾಳೆ. ಮೊದಲ ದಿನ ಐದೂಕಾಲಿಗೆ ಬಾಗಿಲು ಬಡಿದ ಸದ್ದು ಕೇಳಿ, ತೆರೆದು ನೋಡಿ, ನಾನು ಮಹಾ ಜಾಣನಂತೆ “ಯಾಕ, ಇಷ್ಟ ಲಗೂ ಬಂದಿ?” ಎಂದು ಕೇಳಿದೆ. ಎಷ್ಟು ಲಗೂ ಓಡಿದರೂ ಇಂಥ ಪ್ರಶ್ನೆಯನ್ನು ನಾನು ಕಂಪ್ಯೂಟರಿಗೆ ಎಂದೂ ಕೇಳಿದವನಲ್ಲ.