ಅಕ್ಕನ ಬ್ರಷ್ಷು, ನನ್ನ ಇಸ್ತ್ರಿ

ಅಕ್ಕನ ಉಗುರು ನೋಡಿದರೆ ಸಾಕು, ಹಿಂದಿನ ಸಂಜೆ ಅವಳು ಬಟ್ಟೆಯ ಮೇಲೆ ಏನು ಬರೆದಿದ್ದಾಳೆಂದು ಹೇಳಬಹುದಿತ್ತು. ಹಸಿರು ಅಂಟಿದ್ದರೆ ಹಾಗಲ ಬಳ್ಳಿ, ನೇರಳೆ ಅಂಟಿದ್ದರೆ ಬದನೆ. ಆಸ್ಪತ್ರೆಯಲ್ಲಿ ರೋಗಿಗಳಿಗೆ ಚೀಟಿ ಬರೆದುಕೊಡುವ ಕಿಟಕಿಯ ಹಿಂದೆ ಇಪ್ಪತ್ತೇಳು ವರ್ಷ ಕೂತವಳು ಅವಳು. ಹೆಸರು, ವಯಸ್ಸು, ಏನು ತೊಂದರೆ, ಬೆಳಗ್ಗೆಯಿಂದ ಇವು ಮೂರೇ ಪ್ರಶ್ನೆ. ಒಮ್ಮೆ ಯಾರೋ ಅಜ್ಜ ಕಿಟಕಿಯೊಳಗೆ ಬಗ್ಗಿ, "ಅಲ್ಲಮ್ಮಾ, ನಿನ್ನ ಉಗುರೇ ಹಸಿರಾಗಿದೆಯಲ್ಲ, ಮೊದಲು ನಿಂಗೊಂದು ಚೀಟಿ ಬರ್ಕೋ" ಎಂದನಂತೆ. ಅದನ್ನು ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದಳು.

ನಾನು ಅವಳ ತಮ್ಮ. ಅವಳ ಮನೆಯಿಂದ ಎರಡು ಬೀದಿ ಆಚೆ ನನ್ನ ಇಸ್ತ್ರಿ ಅಂಗಡಿ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ, ಸುಳ್ಳೇನಲ್ಲ. ಅಕ್ಕನ ಕಥೆ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಅದರಲ್ಲಿ ನಾನು ಮಾಡಿದ ಭಾಗವನ್ನು ಬೇರೆ ಯಾರೂ ಹೇಳಲಾರರು, ಅದಕ್ಕೇ ಹೇಳುತ್ತಿದ್ದೇನೆ.

ಅವಳಿಗೆ ಈ ಹುಚ್ಚು ಹಿಡಿದದ್ದು ಒಂದು ದಿಂಬಿನ ಚೀಲದಿಂದ. ಭಾವ ಬಸ್ ಓಡಿಸುವವರು. ಒಂದು ಮಧ್ಯಾಹ್ನ ಪೆನ್ನನ್ನು ಜೇಬಿನಲ್ಲೇ ಇಟ್ಟುಕೊಂಡು ಬೋರಲು ಮಲಗಿ, ಹೊಸ ದಿಂಬಿನ ಮೇಲೆ ಕಾಸಿನಗಲ ಶಾಯಿ ಮಾಡಿದರು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಅಕ್ಕ ಸ್ಟೇಷನರಿ ಅಂಗಡಿಯಿಂದ ಎರಡು ಸಣ್ಣ ಬಾಟಲಿ ಬಣ್ಣ, ಒಂದು ಬ್ರಷ್ಷು ತಂದು ಆ ಕಲೆಯ ಸುತ್ತ ಹಳದಿ ಎಸಳು ಬರೆದಳು. ಶಾಯಿಯ ಕಲೆ ಬೆಂಡೆ ಹೂವಿನ ಕಪ್ಪು ನಡುವಾಯಿತು. ಅವತ್ತು ಅವಳು ಆ ದಿಂಬನ್ನು ಎತ್ತಿಕೊಂಡು ಬೀದಿಯವರಿಗೆಲ್ಲ ತೋರಿಸಿಕೊಂಡು ಬಂದಳು.

ಆಮೇಲೆ ಆ ಮನೆಯಲ್ಲಿ ಬಟ್ಟೆಯೆಂಬುದಕ್ಕೆ ಉಳಿಗಾಲವಿರಲಿಲ್ಲ. ಮೇಜಿನ ಹಾಸು, ಕಿಟಕಿಯ ಪರದೆ, ಕರ್ಚೀಫು, ಎಲ್ಲದರ ಮೇಲೂ ತರಕಾರಿ. ಗುಲಾಬಿ, ನವಿಲು ಬರೆಯುವವರು ಊರ ತುಂಬ ಇದ್ದಾರೆ, ಪಡವಲಕಾಯಿಯ ಹೂವನ್ನು ಯಾರು ನೋಡುತ್ತಾರೆ ಎನ್ನುವುದು ಅವಳ ವಾದ. "ನಾನು ಮಾರ್ಕೆಟ್ಟಿಗೆ ಹೋಗೋದೇ ಬಿಟ್ಟಿದ್ದೀನಿ ಕಣಯ್ಯಾ, ಹಾಸಿಗೆಯಿಂದಲೇ ಕಿತ್ಕೊಂಡು ಅಡುಗೆ ಮಾಡೋದು" ಎಂದು ಭಾವ ನನ್ನ ಹತ್ತಿರ ಹೇಳುತ್ತಿದ್ದರು.

ಕೆಲಸದಿಂದ ಬಂದು, ಮುಖ ತೊಳೆದು, ಕಿಟಕಿ ಪಕ್ಕದ ಮೇಜಿಗೆ ಕೂತರೆ ಎರಡು ಗಂಟೆ ಅವಳಿಗೆ ಯಾರ ಹೆಸರೂ ಬೇಡ, ಯಾರ ತೊಂದರೆಯೂ ಬೇಡ. ಹೊಸ ಬಟ್ಟೆಯನ್ನು ಎರಡು ಸಲ ಒಗೆದು ಗಂಜಿ ತೆಗೆಯುವಳು, ಕಸೂತಿಯವರು ಬಳಸುವ ಮರದ ಬಳೆಗೆ ಬಿಗಿಯಾಗಿ ಸಿಕ್ಕಿಸುವಳು, ಬಣ್ಣ ಕಲಸುತ್ತ ಅದರ ಜೊತೆ ಜಗಳವಾಡುವಳು. "ನಿನ್ನೆ ಚೆನ್ನಾಗಿದ್ದೆಯಲ್ಲ, ಇವತ್ತೇನು ಬಂತು ನಿಂಗೆ?" ಇದು ನೀಲಿಗೆ. ಬರೆದದ್ದನ್ನೇ ಇನ್ನೊಮ್ಮೆ ಬರೆದವಳಲ್ಲ. ಆಸ್ಪತ್ರೆಯ ಡಾಕ್ಟರೊಬ್ಬರ ಹೆಂಡತಿ ಒಂದೇ ಥರದ್ದು ಆರು ಬೇಕು, ಎಷ್ಟಾದರೂ ಸರಿ ಎಂದು ಕೇಳಿದಾಗ, "ಇದು ನನ್ನ ಆಟ ಕಣ್ರೀ, ಮಾರೋದಲ್ಲ. ಇಷ್ಟ ಆದ್ರೆ ಒಂದು ಹಾಗೇ ತಗೊಳ್ಳಿ" ಎಂದುಬಿಟ್ಟಳು. ನನಗೆ ಅದು ಶುದ್ಧ ದಡ್ಡತನವಾಗಿ ಕಂಡಿತ್ತು. ಈಗ ಹಾಗೆನ್ನಿಸುವುದಿಲ್ಲ.

ಬಟ್ಟೆಗೆ ಬಳಿಯುವ ಬಣ್ಣಕ್ಕೆ ಒಂದು ಗುಣವಿದೆ. ಒಂದಿಡೀ ದಿನ ಒಣಗಿದ ಮೇಲೆ ಬಟ್ಟೆಯನ್ನು ಮಗುಚಿ, ಹಿಂಬದಿಯಿಂದ ಚೆನ್ನಾಗಿ ಕಾದ ಇಸ್ತ್ರಿ ಇಡಬೇಕು. ಅಂಗೈಯಗಲದ ಜಾಗಕ್ಕೆ ಮೂರು ನಿಮಿಷ. ನೀರು ಚಿಮುಕಿಸುವ ಹಾಗಿಲ್ಲ, ಅವಸರ ಮಾಡುವ ಹಾಗಿಲ್ಲ. ಆಗ ಬಣ್ಣ ನೂಲಿನೊಳಗೆ ಕೂರುತ್ತದೆ. ಇಲ್ಲದಿದ್ದರೆ ನೋಡುವುದಕ್ಕೆ ಎಲ್ಲ ಸರಿಯಾಗಿಯೇ ಇದ್ದು, ಮೊದಲ ಒಗೆತಕ್ಕೇ ಕೈಕೊಡುತ್ತದೆ. ಆ ಕೆಲಸ ನನ್ನದು. "ನಿಂತಲ್ಲೇ ಬೇಯೋದು ನನ್ನ ಕೈಲಾಗಲ್ಲಪ್ಪ, ನೀನು ಅದಕ್ಕೇ ಹುಟ್ಟಿದೋನು" ಎಂದು ಅಕ್ಕ ಗಂಟು ತಂದು ನನ್ನ ಮೇಜಿನ ಮೇಲೆ ಹಾಕುತ್ತಿದ್ದಳು. ಇಪ್ಪತ್ತೆರಡು ವರ್ಷ ಅವಳ ಒಂದೊಂದು ಬಟ್ಟೆಯೂ ನನ್ನ ಕೈ ಕೆಳಗೆ ಹಾದುಹೋಗಿದೆ. ಹೊರಗೆ ತೋರಿಸಿಕೊಳ್ಳದಿದ್ದರೂ ನನಗೆ ಅದರ ಬಗ್ಗೆ ಹೆಮ್ಮೆಯಿತ್ತು. ಅವಳ ಬೆಂಡೆ ಹೂವು ನೂರು ಒಗೆತ ಕಂಡೂ ಹಾಗೇ ಇದ್ದರೆ ಅದರಲ್ಲಿ ಅರ್ಧ ನನ್ನದು ಎಂದುಕೊಂಡಿದ್ದೆ.

ಆ ಹೆಮ್ಮೆಯೇ ನನ್ನನ್ನು ಹಾಳು ಮಾಡಿತು.

ಲೈಬ್ರರಿಯವರು ಮಹಡಿಯ ಕೋಣೆಯಲ್ಲಿ ಅಕ್ಕನ ಬಟ್ಟೆಗಳದ್ದೊಂದು ಪ್ರದರ್ಶನ ಇಟ್ಟರು. ಹಗ್ಗ ಕಟ್ಟಿ, ಕ್ಲಿಪ್ಪು ಹಾಕಿ, ಮೂವತ್ತೊಂದು ಬಟ್ಟೆ. ಹಿಂದಿನ ದಿನ ನಾನು ಅಂಗಡಿ ಮುಚ್ಚಿ ಮೂವತ್ತೊಂದಕ್ಕೂ ಮತ್ತೆ ಇಸ್ತ್ರಿ ಹಾಕಿದ್ದೆ. ಪ್ರದರ್ಶನದ ದಿನ ಒಳ್ಳೆಯ ಶರ್ಟು ಹಾಕಿಕೊಂಡು ಮುಂದಿನ ಸಾಲಿನಲ್ಲೇ ನಿಂತೆ. ಲೈಬ್ರರಿಯ ಮೇಡಂ ಒಂದೆರಡು ಮಾತಾಡಿ ಎಂದಾಗ ಅಕ್ಕ ನಾಚಿ ನೀರಾಗಿ, "ಮಾತಾಡೋದೇನಿದೆ, ಎಲ್ಲ ನಾನೊಬ್ಬಳೇ ಸಂಜೆ ಹೊತ್ತು ಕೂತ್ಕೊಂಡು ಮಾಡಿದ್ದು" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಮೇಡಂ ನನ್ನ ಕಡೆ ತಿರುಗಿ, "ಇವರು?" ಎಂದರು. "ನನ್ನ ತಮ್ಮ, ಇಲ್ಲೇ ಇಸ್ತ್ರಿ ಅಂಗಡಿ ಇಟ್ಕೊಂಡಿದ್ದಾನೆ." "ಓಹೋ, ಹಾಗಾದ್ರೆ ನಿಮ್ಮ ಸೀರೆಗಳಿಗೆ ಚಿಂತೆಯಿಲ್ಲ" ಎಂದು ಮೇಡಂ ನಕ್ಕರು. ಅಕ್ಕನೂ ನಕ್ಕಳು.

ಅಷ್ಟೇ ಆಗಿದ್ದು. ಇನ್ನೊಬ್ಬನಾಗಿದ್ದರೆ ಮರೆತು ಮಲಗುತ್ತಿದ್ದ. ನಾನು ಮನೆಗೆ ಬಂದು ಊಟ ಬೇಡವೆಂದೆ. "ನಿಮ್ಮಕ್ಕ ಗಾಬರಿಯಲ್ಲಿ ಮರೆತಿರ್ತಾರೆ. ಅದಕ್ಕೆ ಇಷ್ಟೊಂದು ಮುಖ ಊದಿಸ್ಕೋಬೇಕಾ?" ಎಂದು ನನ್ನ ಹೆಂಡತಿ ಹೇಳಿದಳು. ಸರಿಯಾದ ಮಾತನ್ನು ಕೇಳುವ ಕಿವಿ ನನಗೆ ಆಗ ಇರಲಿಲ್ಲ.

ತಿಂಗಳೊಳಗೆ ಅಕ್ಕ ಒಂದು ಬೆಡ್‌ಶೀಟ್ ತಂದಳು. ಅವಳ ಒಬ್ಬಳೇ ಮಗಳು, ನಾವೆಲ್ಲ ಗುಬ್ಬಿ ಎಂದು ಕರೆಯುವವಳು, ಬೇರೆ ಊರಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಮೊದಲ ಬಾರಿ ತನ್ನದೇ ಮನೆ ಮಾಡಿದ್ದಳು. ಅವಳಿಗೆಂದು ಎಂಟು ತಿಂಗಳು ಕೂತು ಬರೆದದ್ದು. ಸುತ್ತ ಅಂಚಿಗೆ ಕುಂಬಳದ ಬಳ್ಳಿ, ನಡುವೆ ಹಿತ್ತಿಲ ತರಕಾರಿಗಳೆಲ್ಲ ಹೂಬಿಟ್ಟು ನಿಂತಿದ್ದವು, ಒಂದು ಮೂಲೆಯಲ್ಲಿ ಬಟಾಣಿ ಕುಕ್ಕುತ್ತಿರುವ ಗುಬ್ಬಿ. ಅಷ್ಟು ಚೆಂದದ್ದನ್ನು ಅವಳು ಹಿಂದೆ ಬರೆದಿರಲಿಲ್ಲ. "ನಾಡಿದ್ದು ಕಳಿಸ್ಬೇಕು ಕಣೋ" ಎಂದು ಹೇಳಿ ಹೋದಳು.

ನೀನೊಬ್ಬಳೇ ಮಾಡಿದ್ದಲ್ಲವೇ, ಇದನ್ನೂ ನೀನೇ ಮುಗಿಸು ಎಂದು ಮುಖದ ಮೇಲೆ ಹೇಳಿದ್ದರೆ ಜಗಳವಾಗಿ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಇಸ್ತ್ರಿಯ ಸ್ವಿಚ್ ಆರಿಸಿ, ಅದು ಆರುವ ತನಕ ಕಾದು, ಆ ತಣ್ಣಗಿನ ಇಸ್ತ್ರಿಯನ್ನು ಬೆಡ್‌ಶೀಟಿನ ಮೇಲೆ ಒಂದೇ ಸಲ ಆಡಿಸಿದೆ. ಮೇಲ್ನೋಟಕ್ಕೆ ಸುಕ್ಕು ಹೋದಂತೆ ಕಂಡಿತು. ನೀಟಾಗಿ ಮಡಚಿ, ಪೇಪರಿನಲ್ಲಿ ಸುತ್ತಿ ಇಟ್ಟೆ. ಒಂದೆರಡು ಕಡೆ ಬಣ್ಣ ಮಾಸುತ್ತದೆ, ಅಕ್ಕ ಓಡಿಬಂದು ತಮ್ಮಾ ಏನಾಯ್ತೋ ಎಂದು ಕೇಳುತ್ತಾಳೆ, ಆಗ ಇಸ್ತ್ರಿಯವನ ಬೆಲೆ ಏನೆಂದು ತಿಳಿಸುತ್ತೇನೆ, ಇದು ನನ್ನ ಉಪಾಯ. ಬುದ್ಧಿವಂತನೆಂದು ಬೀಗುತ್ತಲೂ ಇದ್ದೆ. ಅಷ್ಟು ದೊಡ್ಡ ಬಟ್ಟೆಗೆಂದು ಅವಳು ಬಣ್ಣವನ್ನು ನೀರಾಗಿಸಿ ತೆಳ್ಳಗೆ ಬಳಿದಿದ್ದಾಳೆಂಬುದು ನನಗೆ ಗೊತ್ತಿರಲಿಲ್ಲ.

ಗುಬ್ಬಿಯ ಫೋನು ಬಂದಾಗ ನಾನು ಅಕ್ಕನ ಮನೆಯಲ್ಲೇ ಚಹಾ ಕುಡಿಯುತ್ತಿದ್ದೆ. ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದುದು ನನಗೂ ಕೇಳಿಸುತ್ತಿತ್ತು. ತಣ್ಣೀರಿನಲ್ಲೇ ಹಾಕಿದೆನಮ್ಮಾ, ಎಲ್ಲ ಕರಗಿ ಕೆಸರಿನ ಹಾಗಾಗಿದೆ, ಗುಬ್ಬಿಯೂ ಇಲ್ಲ, ಬಳ್ಳಿಯೂ ಇಲ್ಲ. ಅಕ್ಕ ಈಗ ನನ್ನ ಕಡೆ ತಿರುಗುತ್ತಾಳೆ, ಈಗ ಕೇಳುತ್ತಾಳೆ ಎಂದು ಕಾದೆ.

"ಅಳಬೇಡ ಪುಟ್ಟಾ, ನಿಂದೇನೂ ತಪ್ಪಿಲ್ಲ" ಎಂದಳು ಅಕ್ಕ. "ನಂದೇ ತಪ್ಪು. ನೀರು ಜಾಸ್ತಿ ಬೆರೆಸ್ಬಿಟ್ಟೆ. ವಯಸ್ಸಾಯ್ತಲ್ಲ, ಅಂದಾಜು ಸಿಗಲಿಲ್ಲ."

ಫೋನಿಟ್ಟು ತನ್ನ ಎರಡೂ ಕೈ ನೋಡಿಕೊಂಡಳು. ನನ್ನತ್ತ ನೋಡಲಿಲ್ಲ. ಆಗಲೇ ಹೇಳಬೇಕಿತ್ತು. ಚಹಾ ಮುಗಿಸಿ ಎದ್ದು ಬಂದೆ.

ಅಕ್ಕ ಮತ್ತೆ ಬ್ರಷ್ಷು ಹಿಡಿಯಲಿಲ್ಲ. ಬಾಟಲಿಗಳನ್ನೆಲ್ಲ ಒಂದು ಡಬ್ಬಿಗೆ ತುಂಬಿ ಪಕ್ಕದ ಶಾಲೆಯ ಡ್ರಾಯಿಂಗ್ ಟೀಚರಿಗೆ ಕೊಟ್ಟಳು. ಕೇಳಿದವರಿಗೆ "ಕೈ ಕೆಟ್ಟಿತು, ಇನ್ನು ಸಾಕು" ಎನ್ನುತ್ತಿದ್ದಳು. ಸಂಜೆ ಹೊತ್ತು ಟಿವಿಯ ಮುಂದೆ ಕೂತು ಯಾರದೋ ಮನೆಯ ಸೊಸೆ ಅಳುವುದನ್ನು ನೋಡುವಳು. ಭಾವನ ತಮಾಷೆ ನಿಂತುಹೋಯಿತು. ಕೆಲಸದಿಂದ ನಿವೃತ್ತಳಾದ ಮೇಲಂತೂ ಅವಳಿಗೆ ಇಡೀ ದಿನ ಖಾಲಿ. ಬರೆಯುವುದಕ್ಕೆ ಅಷ್ಟೊಂದು ಹೊತ್ತು ಸಿಗುವ ಕಾಲಕ್ಕೆಂದೇ ಅವಳು ಕಾದಿದ್ದಳೆಂಬುದು ನನಗೆ ಗೊತ್ತಿತ್ತು. ಅವಳ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಅವಳ ಉಗುರಿಗೆ ಹೋಗುತ್ತಿತ್ತು. ಬಿಳಿಯಾಗಿ, ಶುಭ್ರವಾಗಿ ಇದ್ದವು.

ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಆರು ವರ್ಷ ಕಳೆದೆ. ಹೇಡಿಗೆ ದಿನಗಳು ಸಲೀಸಾಗಿ ಉರುಳುತ್ತವೆ.

ಹೋದ ವರ್ಷ ಗುಬ್ಬಿ ತನ್ನ ಮೂರು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದಳು. ಎಲ್ಲರೂ ಕೂತಿದ್ದಾಗ, "ಅಮ್ಮಾ, ಇವಳ ದಿಂಬಿಗೆ ಏನಾದ್ರೂ ಒಂದು ಬರ್ದುಕೊಡೇ" ಎಂದು ಕೇಳಿದಳು.

"ಬೇಡ ಕಣೇ, ನನ್ನ ಬಣ್ಣ ನಿಲ್ಲಲ್ಲ" ಎಂದಳು ಅಕ್ಕ. ಹಾಲು ಒಡೆಯಿತು ಎನ್ನುವಷ್ಟು ಸಹಜವಾಗಿ ಹೇಳಿ, ಮೊಮ್ಮಗಳ ಜಡೆ ಹೆಣೆಯುವುದನ್ನು ಮುಂದುವರಿಸಿದಳು.

ಮರುದಿನ ಬೆಳಗ್ಗೆ ಹೋದೆ. ಗುಬ್ಬಿ ಮಗುವನ್ನು ಕರೆದುಕೊಂಡು ಹೊರಗೆ ಹೋಗಿದ್ದಳು. ಅಕ್ಕ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು, ಕೂತರೆ ಧೈರ್ಯ ಹೋದೀತೆಂದು, ಲೈಬ್ರರಿಯಿಂದ ಹಿಡಿದು ತಣ್ಣಗಿನ ಇಸ್ತ್ರಿಯ ತನಕ ಎಲ್ಲ ಹೇಳಿದೆ. ಚಾಕು ನಿಂತಿತು.

ಬೈಯಲಿ, ಹೊಡೆಯಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

"ಅವತ್ತು ನಿನ್ನ ಹೆಸರು ಹೇಳ್ಬೇಕಿತ್ತು, ನಿಜ" ಎಂದಳು ಕೊನೆಗೆ. "ಅಷ್ಟು ಜನ ನೋಡಿ ತಲೆಯೇ ಓಡಲಿಲ್ಲ. ಮನೆಗೆ ಬಂದು ಬೈದಿದ್ರೆ ಆಗ್ತಿತ್ತಲ್ಲೋ."

"ತಪ್ಪಾಯ್ತಕ್ಕಾ."

"ಬೆಡ್‌ಶೀಟ್ ಹೋದ್ರೆ ಹೋಗ್ಲಿ. ಇನ್ನೊಂದು ಬರೀತಿದ್ದೆ. ಆರು ವರ್ಷ ಕಣೋ. ಆರು ವರ್ಷ ನನ್ನ ಕೈಯನ್ನ ನಾನೇ ನಂಬ್ಲಿಲ್ಲ."

"ನೀನು ಒಂದ್ಸಲ ಕೇಳಿದ್ರೆ ಹೇಳ್ಬಿಡ್ತಿದ್ದೆ." ಇದನ್ನು ಯಾಕೆ ಹೇಳಿದೆನೋ, ಬಾಯಿಂದ ಜಾರಿತು.

ಅಕ್ಕ ಆಗ ನನ್ನ ಮುಖ ನೋಡಿದಳು. "ನಿನ್ನ ಮೇಲೆ ಅನುಮಾನ ಬಂದಿದ್ರೆ ತಾನೆ ಕೇಳೋದು?"

ಮತ್ತೆ ಹುರುಳಿಕಾಯಿ ಹೆಚ್ಚತೊಡಗಿದಳು. ಊಟ ಮಾಡಿಕೊಂಡು ಹೋಗು ಎಂದೂ ಹೇಳಿದಳು. ಊಟ ಮಾಡಿದೆ, ರುಚಿ ಗೊತ್ತಾಗಲಿಲ್ಲ.

ಮಾತು ಬಿಡಲಿಲ್ಲ ಅವಳು, ಅದು ಅವಳ ಗುಣವಲ್ಲ. ಮೊದಲಿನಂತೆಯೇ ಹೋಗಿ ಬಂದು ಮಾಡುತ್ತೇವೆ. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಚಹಾ ಲೋಟ ಕೊಡುವಾಗ ಅವಳ ಹೆಬ್ಬೆರಳಿನ ಉಗುರಿನಲ್ಲಿ ಹಳದಿ ಕಂಡಿತು. ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡು ಅಂಗಡಿಗೆ ಬಂದೆ. ಮೇಜಿನ ಹಾಸನ್ನು ಬಿಚ್ಚಿ ಒಗೆಸಿದೆ, ಇಸ್ತ್ರಿಯ ತಳ ಉಜ್ಜಿ ಹೊಳೆಯಿಸಿದೆ, ಗಂಟು ಬರುವುದನ್ನೇ ಕಾದೆ.

ಗಂಟು ಬಂತು. ಅಕ್ಕನ ಕಂಕುಳಲ್ಲಿ, ನನ್ನ ಅಂಗಡಿಯ ಮುಂದೆಯೇ. "ಬಿಸಿಲು ಜಾಸ್ತಿ ಅಲ್ವೇನೋ" ಎಂದು ನಡೆಯುತ್ತಲೇ ಮಾತಾಡಿಸಿ, ಬೀದಿಯ ಕೊನೆಯಲ್ಲಿ ಹೊಸದಾಗಿ ಇಸ್ತ್ರಿ ಅಂಗಡಿ ತೆರೆದವನ ಕಡೆ ಹೋದಳು.

ಆ ಹೊಸಬನ ಮೆಟ್ಟಿಲು ನಾನು ಅದುವರೆಗೆ ತುಳಿದವನಲ್ಲ. ಅವನದು ಬಿರುಸಿನ ಕೈ, ಶರ್ಟು ಮುಗಿಸುವುದೇ ಎರಡು ನಿಮಿಷದಲ್ಲಿ. ಮರುದಿನ ಮಾನ ಬಿಟ್ಟು ಹೋಗಿ ನಿಂತೆ. "ನೋಡಪ್ಪಾ, ನಮ್ಮಕ್ಕ ಕೊಡೋ ಬಟ್ಟೆ ಹಾಗೆಲ್ಲ ಮಾಡೋದಲ್ಲ. ಮಗುಚಿ, ಹಿಂಬದಿಯಿಂದ ಇಡಬೇಕು. ಇಷ್ಟಿಷ್ಟು ಜಾಗಕ್ಕೆ ಮೂರು ನಿಮಿಷ..."

"ಗೊತ್ತಣ್ಣಾ, ಅವರೇ ಹೇಳಿಕೊಟ್ಟಿದ್ದಾರೆ" ಎಂದು ಅವನು ನಕ್ಕ. "ಮುಗಿಯೋ ತನಕ ಇಲ್ಲೇ ಸ್ಟೂಲಿನ ಮೇಲೆ ಕೂತಿರ್ತಾರೆ. ಗಡಿಯಾರ ನೋಡ್ತಾ, ಒಂದು ನಿಮಿಷ ಕಡಿಮೆಯಾದ್ರೂ ಬಿಡಲ್ಲ. ಆಮೇಲೆ ಕೈಯಿಟ್ಟು ಬಿಸಿ ನೋಡಿ ತಗೊಂಡು ಹೋಗ್ತಾರೆ."

ನನ್ನ ಅಂಗಡಿಯಲ್ಲೂ ಒಂದು ಸ್ಟೂಲಿದೆ. ಇಪ್ಪತ್ತೆರಡು ವರ್ಷದಲ್ಲಿ ಅಕ್ಕ ಅದರ ಮೇಲೆ ಒಂದು ದಿನವೂ ಕೂತವಳಲ್ಲ. ಗಂಟು ಮೇಜಿನ ಮೇಲೆ ಹಾಕಿ ತಿರುಗಿಯೂ ನೋಡದೆ ಹೋಗುತ್ತಿದ್ದಳು.