ಟ್ಯಾಂಕರ್ ಡ್ರೈವರ್ ಕಿತ್ತುಕೊಂಡ ಫೋನು

ನನ್ನ ಕೈಯಿಂದ ಮೊಬೈಲ್ ಕಿತ್ತುಕೊಂಡ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ. ನನ್ನ ಹೆಂಡತಿಗೂ ಆ ಧೈರ್ಯ ಇನ್ನೂ ಬಂದಿಲ್ಲ. (ತಿಂಗಳ ಬಿಲ್ಲು ನೋಡಿದಾಗಿನ ಅವಳ ಮುಖ ನೋಡಿದರೆ, ಬರುವ ದಿನ ದೂರವಿಲ್ಲ.)

ಮೊನ್ನೆ ಸೋಮವಾರ ಬೆಳಿಗ್ಗೆ ಭಟ್ಕಳದಿಂದ ಕುಮಟೆಗೆ ಬಸ್ಸಿನಲ್ಲಿ ಹೊರಟಿದ್ದೆ. ಹೊನ್ನಾವರ ದಾಟಿ, ಧಾರೇಶ್ವರ ಇನ್ನೂ ದೂರ ಇರುವಾಗಲೇ ಬಸ್ಸು ನಿಂತಿತು. ಮುಂದಿನ ತಿರುವಿನಲ್ಲಿ ಗ್ಯಾಸ್ ಟ್ಯಾಂಕರೊಂದು ಚರಂಡಿಗೆ ಮಗುಚಿ ಬಿದ್ದಿತ್ತು. ಸುಸ್ ಎಂದು ಸಣ್ಣ ಸದ್ದು. ವಾಸನೆ. ರಸ್ತೆಯ ಕೆಳಗಿನ ತಗ್ಗಿನಲ್ಲಿ ಮೂವತ್ತು ನಲವತ್ತು ಮನೆಗಳು. ಅಡುಗೆಯ ಹೊತ್ತು, ಅಷ್ಟೂ ಮನೆಗಳಲ್ಲಿ ಒಲೆ ಉರಿಯುತ್ತಿತ್ತು.

ಇಂಥ ಹೊತ್ತಿನಲ್ಲಿ ನಾವೇನು ಮಾಡುತ್ತೇವೆ ಹೇಳಿ? ಓಡುತ್ತೇವೆಯೇ? ಛೆ! ಬಸ್ಸಿಳಿದು, ಹತ್ತಿರ ಹೋಗಿ, ಫೋನ್ ಮಾಡುತ್ತೇವೆ.

ನಮ್ಮ ಕಡೆ ಟವರ್ ಬಂದು ಎರಡು ವರ್ಷವಾಗಿಲ್ಲ. ಹೇಳಲಿಕ್ಕೆ ಇಂಥ ಸುದ್ದಿ ಮತ್ತೆ ಸಿಕ್ಕೀತೇ? ಭಟ್ಕಳದ ತರುಣನೊಬ್ಬ ದುಬೈಯಲ್ಲಿರುವ ಅಣ್ಣನಿಗೆ ತಮ್ಮ ನವಾಯತಿ ಭಾಷೆಯಲ್ಲಿ ಕಾಮೆಂಟರಿ ಶುರುಮಾಡಿದ್ದ. ಬೈಕಿನವನೊಬ್ಬ, “ನನ್ನೆದುರೇ ಬಿದ್ದದ್ದು ಮಾರಾಯಾ, ಸ್ವಲ್ಪದ್ರಲ್ಲಿ ಉಳ್ಕಂಡೆ” ಎಂದು ಯಾರಿಗೋ ಹೇಳುತ್ತಿದ್ದ. (ಅವನು ಕುತ್ತಿಗೆಗೂ ಹೆಗಲಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ನಡುರಸ್ತೆಗೆ ಬಂದಿದ್ದ. ಅವನನ್ನು ಉಳಿಸಲು ಹೋಗಿಯೇ ಟ್ಯಾಂಕರ್ ಬಿದ್ದದ್ದು ಎಂದು ಆಮೇಲೆ ತಿಳಿಯಿತು.) ನಾನೂ ಹೊಸ ಹ್ಯಾಂಡ್‌ಸೆಟ್ ತೆಗೆದು ಪತ್ರಿಕೆಯ ಆಫೀಸಿನ ನಂಬರ್ ಒತ್ತಿದೆ. ಅಂಕಣದ ಜೊತೆ ಊರ ಸುದ್ದಿ ಕಳಿಸುವುದೂ ನನ್ನದೇ ಕೆಲಸ.

ಆಗ ಅವನು ಬಂದ. ಐವತ್ತು ದಾಟಿದ ಸಣಕಲು ಆಳು. ಒಂದೇ ಕಾಲಲ್ಲಿ ಚಪ್ಪಲಿ, ಮೊಣಕೈಯಲ್ಲಿ ರಕ್ತ. ಟ್ಯಾಂಕರಿನ ಡ್ರೈವರ್, ಹೆಸರು ಸೆಲ್ವಂ, ತಮಿಳುನಾಡಿನ ನಾಮಕ್ಕಲ್ ಕಡೆಯವನು. ಮಾತಿಲ್ಲ ಕತೆಯಿಲ್ಲ, ನನ್ನ ಫೋನ್ ಕಿತ್ತುಕೊಂಡ. ಉಗುರಿನಿಂದ ಹಿಂದಿನ ಮುಚ್ಚಳ ತೆಗೆದ. ಬ್ಯಾಟರಿಯನ್ನು ನನ್ನ ಒಂದು ಜೇಬಿಗೆ, ಸೆಟ್ಟನ್ನು ಇನ್ನೊಂದು ಜೇಬಿಗೆ ತುರುಕಿದ.

“ಫೋನ್ ಬೇಡಾ ಸಾರ್. ಗ್ಯಾಸ್! ಹಿಂದೆ ಹೋಗಿ, ಹಿಂದೆ!”

ಹೀಗೇ ಒಬ್ಬೊಬ್ಬರದೂ. ದುಬೈ ಕಾಮೆಂಟರಿ ಅರ್ಧಕ್ಕೇ ನಿಂತಿತು. (ಮೊಬೈಲಿನಿಂದ ಗ್ಯಾಸಿಗೆ ಬೆಂಕಿ ಹತ್ತುತ್ತದೆಯೇ ಎಂದು ವಿಜ್ಞಾನದ ಮಾಸ್ತರರೊಬ್ಬರನ್ನು ಕೇಳಿದೆ. ಸಾಧ್ಯತೆ ಕಡಿಮೆ ಎಂದರು. ಪಕ್ಕದಲ್ಲಿ ನಿಂತು ಪರೀಕ್ಷಿಸಲು ಮಾತ್ರ ಅವರೂ ಒಪ್ಪಲಿಲ್ಲ.)

“ಫೈರ್ ಬ್ರಿಗೇಡಿಗಾದ್ರೂ ಹೇಳ್ಬೇಕಲ್ರಾ?” ಎಂದ ನಮ್ಮ ಕಂಡಕ್ಟರ್.

ಸೆಲ್ವಂ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಗಾಳಿಗೆ ತೂರಿದ. ಧೂಳು ಮನೆಗಳ ಕಡೆ ಹಾರಿತು. ಗ್ಯಾಸೂ ಅತ್ತಲೇ ಹೋಗುತ್ತಿತ್ತು. ಕಂಡಕ್ಟರನಿಗೆ ಎದುರು ದಿಕ್ಕು ತೋರಿಸಿ, “ಆ ಕಡೆ, ದೂರ, ಎಸ್‌ಟಿಡಿ ಬೂತ್” ಎಂದ. ಬಸ್ಸನ್ನು ಸ್ಟಾರ್ಟ್ ಮಾಡಬೇಡ ಎಂದು ನಮ್ಮ ಡ್ರೈವರನಿಗೆ ಕೈಮುಗಿದ. ಆಮೇಲೆ ಮನೆಗಳ ಕಡೆ ಇಳಿದ.

ಅಪಘಾತವಾದರೆ ನಮ್ಮಲ್ಲಿ ಜನ ಮೊದಲು ಹುಡುಕುವುದು ಡ್ರೈವರನನ್ನು, ಯಾಕೆಂದು ನಿಮಗೇ ಗೊತ್ತು. ಅವನಿಗೂ ಗೊತ್ತಿತ್ತು. ಆದರೂ ಆ ಜನರ ಬಾಗಿಲಿಗೇ ಹೋದ. ನಾನು ಹೆದರಿ ಹೆದರಿ ಹಿಂದೆ ಹೋದೆ.

ಮೊದಲ ಮನೆಯ ಅಜ್ಜಿ ಜಗಳಕ್ಕೇ ನಿಂತಳು. “ಅನ್ನ ಅರ್ಧ ಬೆಂದದೆ. ಒಲೆ ಆರ್ಸುದು ಎಂತಕ್ಕೆ? ನೀ ಯಾರ?”

ಅವನಿಗೆ ಅಷ್ಟು ಕನ್ನಡ ಎಲ್ಲಿ ಬರಬೇಕು? ಕೈಮುಗಿದ, ಕೊಡದ ನೀರನ್ನು ಒಲೆಗೆ ಸುರಿದ, ಅಜ್ಜಿಯ ಕೈಹಿಡಿದು ಹೊರಗೆ ಕರೆತಂದ. ಅವಳು ದಾರಿಯುದ್ದಕ್ಕೂ ಬೈಯುತ್ತಿದ್ದಳು. ಅದನ್ನು ನೋಡಿ ಪಕ್ಕದವರು ತಾವೇ ಒಲೆ ಆರಿಸತೊಡಗಿದರು. ಸ್ವಲ್ಪ ಹೊತ್ತಿನಲ್ಲಿ ಕೇರಿಗೆ ಕೇರಿಯೇ ಗುಡ್ಡದ ಮೇಲಿತ್ತು.

ಮಧ್ಯಾಹ್ನದ ಹೊತ್ತಿಗೆ ಸೋರಿಕೆ ನಿಂತಿತು. ಒಂದು ಹೆಂಚೂ ಕಪ್ಪಾಗಲಿಲ್ಲ. ಎಷ್ಟೋ ದೊಡ್ಡವರ ಸನ್ಮಾನ ನೋಡಿದ್ದೇನೆ, ಬರೆದಿದ್ದೇನೆ. ಆದರೆ ಒಂಟಿ ಚಪ್ಪಲಿಯ ಆ ಮನುಷ್ಯನನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತು. ಗುಡಿಯಲ್ಲೂ ನನಗೆ ಅಷ್ಟು ಭಕ್ತಿ ಹುಟ್ಟಿದ್ದಿಲ್ಲ.

ಮೋರಿಕಟ್ಟೆಯ ಮೇಲೆ ಕುಳಿತಿದ್ದ. ಮನೆಗೆ ತಿಳಿಸಬೇಕಲ್ಲ, ನಿನ್ನ ಮೊಬೈಲ್ ಎಲ್ಲಿ ಎಂದು ಕೇಳಿದೆ.

“ಗಾಡಿಯಲ್ಲಿ ಇಲ್ಲಾ ಸಾರ್. ರೂಲ್.”

“ನಾಲ್ಕು ದಿನದ ದಾರಿ. ಇಟ್ಕೊಂಡ್ರೆ ಯಾರು ನೋಡ್ತಾರೆ?”

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. “ಹಿಂದೆ ಗ್ಯಾಸ್ ಇದೆ ಅಲ್ವಾ ಸಾರ್?” ಎಂದ.

ರೂಲು ನಮಗೂ ಇದೆ. ಪೊಲೀಸ್ ಟೋಪಿ ಕಂಡರೆ ಫೋನ್ ಕೆಳಗೆ, ಟೋಪಿ ದಾಟಿದರೆ ಮತ್ತೆ ಕಿವಿಗೆ. ಯಾರೂ ನೋಡದಿದ್ದರೂ ಪಾಲಿಸುವವರನ್ನು ನಾನು ಆವತ್ತೇ ಮೊದಲು ನೋಡಿದ್ದು.

ಮರುದಿನ ಪತ್ರಿಕೆಯ ಮೂಲೆಯಲ್ಲಿ ಸುದ್ದಿ ಬಂತು. “ಟ್ಯಾಂಕರ್ ಪಲ್ಟಿ. ಪ್ರಾಣಾಪಾಯವಿಲ್ಲ. ಅಜಾಗರೂಕ ಚಾಲನೆಗಾಗಿ ಚಾಲಕನ ಮೇಲೆ ಪ್ರಕರಣ ದಾಖಲು.”

ಊರಿಗೆ ಮರಳುವ ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ, ಪೊಲೀಸರು ಠಾಣೆಯಲ್ಲಿ ಹೇಳಿದ್ದನ್ನು ಹೇಳಿದ ಹಾಗೇ ಬರೆದು ಕಳಿಸಿದವನು ನಾನೇ.